ತೊಡೆಯ ಮೇಲೆ ಹೊಲಿದ ಕೌದಿ: ತಿಂಗಳಿಗೊಂದು ಪಟ್ಟಿ

ಕೌದಿ ಅಂದರೆ ಹಳೆಯ ಬಟ್ಟೆಗಳನ್ನು ಪದರು ಪದರಾಗಿ ಕೂಡಿಸಿ ಕೈಯಲ್ಲಿ ಹೊಲಿಯುವ ಹೊದಿಕೆ. ಅದನ್ನು ಹೊಲಿಯಲು ನೆಲ ಬೇಕು, ಗಟ್ಟಿ ಮಂಡಿ ಬೇಕು, ಜೊತೆಗೆ ಇನ್ನೊಬ್ಬರು ಕೂರಬೇಕು. ಧಾರವಾಡದ ಕಡೆ ಯಾರನ್ನು ಕೇಳಿದರೂ ಇದೇ ಮಾತು. ನನ್ನ ಹತ್ತಿರ ಮೂರೂ ಇಲ್ಲ. ಮಂಚ, ಸೋಫಾ ಇಟ್ಟ ಮೇಲೆ ಮನೆಯಲ್ಲಿ ಉಳಿಯುವ ಜಾಗದಲ್ಲಿ ಒಂದು ಸೀರೆಯನ್ನೂ ಬಿಚ್ಚಿ ಹಾಸೋಕೆ ಆಗಲ್ಲ. ಅರ್ಧ ಗಂಟೆ ಕಾಲು ಮಡಚಿ ಕೂತರೆ ಏಳುವಾಗ ಗೋಡೆ ಹಿಡಿಯಬೇಕು. ಆದರೂ ಪೂರ್ತಿ ಅಳತೆಯ ಕೌದಿ ಮುಗಿಸಿದ್ದೇನೆ. 5 ಅಡಿ ಅಗಲ, ಹತ್ತಿರ ಹತ್ತಿರ ಏಳು ಅಡಿ ಉದ್ದ. ಎಲ್ಲವೂ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಇಟ್ಟುಕೊಂಡು ಚೌಕ ಚೌಕ ಪಟ್ಟಿಗಳಾಗಿ ಹೊಲಿದು, ಆಮೇಲೆ ಜೋಡಿಸಿದ್ದು. ಈ ಮಳೆಗಾಲವೆಲ್ಲ ಹೊದ್ದಿದ್ದೇವೆ, ಬಕೆಟ್ಟಿನಲ್ಲಿ ನೆನೆಸಿ ಒಗೆದಿದ್ದೇವೆ, ಇಬ್ಬರು ನಿಂತು ಹಿಂಡಿದ್ದೇವೆ. ಒಂದು ಜೋಡೂ ಬಿಟ್ಟಿಲ್ಲ.

ಬಿಡುತ್ತದೆ ಅಂತ ಹೇಳಿದವರು ಬಹಳ ಜನ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಓಣಿಯಲ್ಲಿ ಜೀವಮಾನವೆಲ್ಲ ಕೌದಿ ಹೊಲಿದ ಒಬ್ಬ ಅಜ್ಜಿ ನನ್ನ ಮೊದಲ ಪಟ್ಟಿಗಳನ್ನು ನೋಡಿ, "ಇದೇನ್ ಕೌದಿನೋ, ದಿಂಬಿನ ಚೀಲದ ಸಂತಿನೋ?" ಅಂದಿದ್ದರು. ನೀರು ಕಂಡರೆ ಎಲ್ಲ ಬಿಚ್ಚಿಕೊಳ್ಳುತ್ತದೆ ಅನ್ನುವುದು ಅವರ ಖಚಿತ ಅಭಿಪ್ರಾಯ. ಅವರ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿರಲಿಲ್ಲ. ನನ್ನ ಮೊದಲ ಎರಡು ಪ್ರಯತ್ನ ಅವರು ಹೇಳಿದ ಹಾಗೇ ಆದವು.

ಲೆಕ್ಕ ಸರಳ. 20 ಇಂಚಿನ ಚೌಕ ಪಟ್ಟಿಗಳು, ಅಡ್ಡ ಮೂರು, ಉದ್ದ ನಾಲ್ಕು. ಒಟ್ಟು 12. ತಿಂಗಳಿಗೆ ಒಂದು ಅಂದರೆ ವರ್ಷಕ್ಕೊಂದು ಕೌದಿ. ಪ್ರತಿ ಪಟ್ಟಿಯೂ ಮೂರು ಪದರು. ಮೇಲೆ ತುಂಡು ಜೋಡಿಸಿದ್ದು, ನಡುವೆ ಹಳೆಯ ಧೋತರ, ಕೆಳಗೆ ಸೀರೆಯ ಮೈ. ಹೊಲಿಗೆಯ ಸಾಲಿನಿಂದ ಸಾಲಿಗೆ ಅರ್ಧ ಇಂಚು ಬಿಟ್ಟರೆ ಒಂದು ಪಟ್ಟಿಗೆ 40 ಸಾಲು. ದಿನಕ್ಕೆ ಎರಡು ಸಾಲು, ಸಂಜೆ ಚಹಾ ಕುಡಿದ ಮೇಲೆ. ಇಪ್ಪತ್ತು ಚಿಲ್ಲರೆ ದಿನದಲ್ಲಿ ಪಟ್ಟಿ ಮುಗಿಯುತ್ತದೆ. ಉಳಿದ ವಾರ ಒಗೆಯುವುದು, ಕತ್ತರಿಸುವುದು, ಕೂಡಿಸುವುದು. ದೀಪಾವಳಿ ತಿಂಗಳು, ಮದುವೆ ತಿಂಗಳು ಹಿಂದೆ ಬೀಳುತ್ತವೆ. ಮಳೆಗಾಲದಲ್ಲಿ ಎಲ್ಲಿಗೂ ಹೋಗಲ್ಲ, ಆಗ ಒಂದೂವರೆ ಪಟ್ಟಿಯೂ ಆಗುತ್ತದೆ.

ಈಗ ಕೆಟ್ಟದ್ದರ ಕತೆ.

ಮೊದಲ ಸಲ ಪಟ್ಟಿಗಳನ್ನು ಸರಿಯಾದ ಅಳತೆಗೆ ಕತ್ತರಿಸಿಕೊಂಡೇ ಹೊಲಿದೆ. ಹೊಲಿಗೆ ಬಟ್ಟೆಯನ್ನು ಎಳೆದುಕೊಳ್ಳುತ್ತದೆ, ಅದು ನಿಮಗೂ ಗೊತ್ತು. ಆದರೆ ಎಷ್ಟು ಎಳೆದುಕೊಳ್ಳುತ್ತದೆ ಅನ್ನುವುದು ಅವತ್ತಿನ ಕೈಯನ್ನು ಅವಲಂಬಿಸಿದೆ. ಸಿಟ್ಟಿನಲ್ಲಿ ಹೊಲಿದ ಪಟ್ಟಿ ಒಂದು ಹೆಬ್ಬೆರಳಿನ ಅಗಲದಷ್ಟು ಕುಗ್ಗಿತು. ಟಿವಿ ನೋಡುತ್ತ ಹೊಲಿದದ್ದು ದೊಡ್ಡದಾಗೇ ಉಳಿಯಿತು. ಒಗೆದ ಮೇಲೆ ಇನ್ನೂ ಏರುಪೇರು. ನಾಲ್ಕು ಪಟ್ಟಿ ಕೂಡಿಸುವ ಹೊತ್ತಿಗೆ ಕೌದಿ ಒಂದು ಕಡೆ ವಾಲಿತ್ತು. ಅದು ಈಗ ನೀರಿನ ಪಂಪಿನ ಮೇಲೆ ಹೊದಿಕೆಯಾಗಿದೆ.

ಎರಡನೆಯ ಸಲ ಪ್ರತಿ ಪಟ್ಟಿಯ ಅಂಚನ್ನೂ ಮಡಚಿ ಮುಚ್ಚಿ, ಅಂಚಿಗೆ ಅಂಚು ಇಟ್ಟು ಹೊಲಿದೆ. ನೋಡಲು ಚೆಂದ. ಮಲಗಿದರೆ ಮಾತ್ರ ಬೆನ್ನಿಗೆ ಗೆರೆ ಗೆರೆಯಾಗಿ ಒತ್ತುತ್ತಿತ್ತು. ಮೇಲಾಗಿ ಗಟ್ಟಿ ಇರಲಿ ಅಂತ ಪಾಲಿಯೆಸ್ಟರ್ ದಾರ ಬಳಸಿದ್ದೆ. ಒದ್ದೆ ಕೌದಿಯ ತೂಕ ಎತ್ತಿದವರಿಗೇ ಗೊತ್ತು. ಎರಡು ಮೂಲೆ ಹಿಡಿದು ಬಕೆಟ್ಟಿನಿಂದ ಎತ್ತಿದೆ ನೋಡಿ, ಪರ್ ಅಂತ ಸದ್ದು. ದಾರ ಹರಿಯಲೇ ಇಲ್ಲ. ದಾರ ಬಟ್ಟೆಯನ್ನೇ ಕೊಯ್ದುಕೊಂಡು ಹೊರಗೆ ಬಂತು. ಇಪ್ಪತ್ತು ವರ್ಷ ಉಟ್ಟು ಮೆತ್ತಗಾದ ಹತ್ತಿ ಸೀರೆಗೆ ಅಷ್ಟು ಗಟ್ಟಿ ದಾರ ಆಗಿಬರಲ್ಲ. ದಾರವೂ ಬಟ್ಟೆಯೂ ಒಂದೇ ಸಮ ಸವೆಯಬೇಕು. ಬಂಗಾಳದ ಕಾಂತಾ ಹೊಲಿಯುವವರು ಸೀರೆಯ ಅಂಚಿನಿಂದಲೇ ಎಳೆ ಎಳೆದು ಹೊಲಿಯುತ್ತಿದ್ದದ್ದು ಉಳಿತಾಯಕ್ಕೆ ಮಾತ್ರ ಅಲ್ಲ ಅಂತ ಆಗ ಅನಿಸಿತು.

ದಾರಿ ಸಿಕ್ಕಿದ್ದು ಇಳಕಲ್ ಸೀರೆಯಿಂದ. ಅಮ್ಮನ ಹಳೆಯ ಸೀರೆ ಬಿಚ್ಚುತ್ತಿದ್ದೆ. ಇಳಕಲ್ಲಿನಲ್ಲಿ ಮೈಯ ಹಾಸು, ಅಂದರೆ ಮಗ್ಗದ ಉದ್ದೆಳೆ, ಬೇರೆ, ತೋಪ ತೆನಿ ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಿ ನೇಯುತ್ತಾರೆ. ಮೈ ಹರಿದು ಚಿಂದಿಯಾಗಿತ್ತು, ಕೊಂಡಿ ಮಾತ್ರ ಹಾಗೇ ಇತ್ತು. ಅಲ್ಲಿ ಭಾರ ಒಂದೇ ಗೆರೆಯ ಮೇಲೆ ನಿಲ್ಲಲ್ಲ, ಎಲ್ಲ ಎಳೆಗಳಿಗೂ ಹಂಚಿಹೋಗುತ್ತದೆ. ಕೌದಿಯ ಜೋಡಿಗೂ ಹೀಗೇ ಮಾಡಬಾರದೇಕೆ?

ಆಮೇಲೆ ಮಾಡಿದ್ದು ಇಷ್ಟು. ಪಟ್ಟಿಯನ್ನು 22 ಇಂಚಿಗೆ, ಅಂದರೆ ಧಾರಾಳವಾಗಿ ಕತ್ತರಿಸಿದೆ. ಸಾಲುಗಳನ್ನು ಅಂಚಿನವರೆಗೆ ಒಯ್ಯದೆ, ನಾಲ್ಕೂ ಕಡೆ ಒಂದೂವರೆ ಇಂಚು ಬಿಟ್ಟೆ. ಹೊಲಿದು, ಬಿಸಿ ನೀರಲ್ಲಿ ಒಗೆದು, ನೆರಳಲ್ಲಿ ಒಣಗಿಸಿದೆ. ಕತ್ತರಿ ಮುಟ್ಟಿದ್ದು ಇದೆಲ್ಲ ಆದ ಮೇಲೆ. ರಟ್ಟಿನ ಅಚ್ಚು ಇಟ್ಟು 21 ಇಂಚಿಗೆ ಸರಿ ಮಾಡಿದೆ. ಅಂಚು ಸಡಿಲ ಇರುವುದರಿಂದ ಮೇಲಿನ ಪದರು ಎತ್ತಿ, ನಡುವಿನ ಧೋತರವನ್ನು ಮಾತ್ರ ಇನ್ನೂ ಅರ್ಧ ಇಂಚು ಒಳಗೆ ಕತ್ತರಿಸಬಹುದು. ಕೂಡಿಸುವಾಗ ಮೇಲಿನ ಪದರುಗಳ ಒಳ್ಳೆ ಮುಖ ಎದುರುಬದುರು ಇಟ್ಟು ಅರ್ಧ ಇಂಚಿನಲ್ಲಿ ಹೊಲಿಗೆ. ನಡುವಿನ ಪದರುಗಳು ಒಂದರ ಮೇಲೊಂದು ಏರದೆ ಪಕ್ಕ ಪಕ್ಕ ಬಂದು ಕೂರುತ್ತವೆ. ಹಿಂಬದಿಯ ಪದರುಗಳಲ್ಲಿ ಒಂದನ್ನು ಚಪ್ಪಟೆ ಮಲಗಿಸಿ, ಇನ್ನೊಂದನ್ನು ಮಡಚಿ ಅದರ ಮೇಲಿಟ್ಟು ಹೆಮ್ಮಿಂಗ್. ದಪ್ಪ ಗೆರೆ ಅಲ್ಲಿಗೆ ಹೋಯಿತು.

ಇನ್ನು ಕೊಂಡಿ. ಕೂಡಿಸಿದ ಮೇಲೆ ಒಂದು ಪಟ್ಟಿಯ ಸಾಲುಗಳನ್ನು ಜೋಡು ದಾಟಿಸಿ, ಪಕ್ಕದ ಪಟ್ಟಿಯ ಸಾಲುಗಳ ನಡುವೆ ಮೂರು ಬೆರಳು ಒಳಗೆ ಒಯ್ದು ಮುಗಿಸುತ್ತೇನೆ. ಅತ್ತಲಿಂದ ಒಂದು, ಇತ್ತಲಿಂದ ಒಂದು. ಎರಡೂ ಕಡೆಯ ಸಾಲುಗಳು ಒಂದರೊಳಗೊಂದು ಹೆಣೆದುಕೊಂಡ ಮೇಲೆ ಜೋಡಿನ ಹೊಲಿಗೆಗೆ ಹೆಚ್ಚು ಕೆಲಸವೇ ಇರಲ್ಲ. ನಮ್ಮ ಕೌದಿಯಲ್ಲಿ ಈಗ ಜೋಡು ಎಲ್ಲಿದೆ ಅಂತ ಬೆರಳಾಡಿಸಿ ಹುಡುಕಬೇಕು. ಓಣಿಯ ಅಜ್ಜಿ ಹುಡುಕಿದರು. ಎರಡು ಸಿಕ್ಕವು, ಉಳಿದದ್ದು ಸಿಗಲಿಲ್ಲ.

ನಾಲ್ಕು ಪಟ್ಟಿಗಳ ಮೂಲೆ ಒಂದೇ ಕಡೆ ಸೇರುತ್ತದಲ್ಲ, ಅಲ್ಲಿ ಎಂಟು ಮಡಿಕೆ ಬೀಳಬೇಕು. ನನ್ನದರಲ್ಲಿ ಬೀಳಲ್ಲ. ಹೇಗೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಮನೆಗೆ ಬಂದರೆ ತೋರಿಸುತ್ತೇನೆ, ಬರುವಾಗ ಒಂದೆರಡು ಹಳೆಯ ಹತ್ತಿ ಸೀರೆ ತನ್ನಿ.

ದುಡ್ಡಿನ ವಿಷಯ. ದಾರ 300ರಿಂದ 350 ಮೀಟರ್ ಹಿಡಿಯಿತು, ಬಿಳಿ ಹತ್ತಿ ದಾರ. ಅದಕ್ಕೆ ಸುಮಾರು 350 ರೂಪಾಯಿ. ಸೂಜಿ, ಬೆರಳಿಗೆ ಹಾಕುವ ಅಂಗುಸ್ತಾನ, ಜೇನುಮೇಣ ಎಲ್ಲ ಸೇರಿ ಇನ್ನೊಂದು 200. ಬಟ್ಟೆ ಪುಕ್ಕಟೆ. ಅಲ್ಲಿಗೆ ಕೌದಿಗೆ ಬಿದ್ದ ಖರ್ಚು 600ರ ಒಳಗೆ. ಆದರೆ ಉಪಯೋಗಕ್ಕೆ ಬಾರದ ಖರ್ಚು ಎರಡೂವರೆ ಸಾವಿರ ದಾಟಿದೆ. ವಿಡಿಯೊ ನೋಡಿ ಉರುಳುವ ಕಟ್ಟರ್, ಹಸಿರು ಮ್ಯಾಟು ತರಿಸಿದ್ದೆ, ಎರಡು ಸಾವಿರದ ಹತ್ತಿರ. ಹೊಸ ಬಟ್ಟೆಗೆ ಅದು ಚೆನ್ನಾಗಿದೆ. ಹಳೆಯ ಸೀರೆ ಅದರ ಕೆಳಗೆ ಜರುಗುತ್ತದೆ. ಅಮ್ಮನ ಕಾಲದ ಕಬ್ಬಿಣದ ಕತ್ತರಿಯೇ ಮೇಲು. ಹೊಲಿಗೆ ಯಂತ್ರಕ್ಕೆ ದಪ್ಪ ಪದರು ನಡೆಸುವ ಪಾದ ಅಂತ 700 ಕೊಟ್ಟು ತಂದೆ. ಒಂದು ಪಟ್ಟಿ ಯಂತ್ರದಲ್ಲಿ ಒಂದೇ ತಾಸಿನಲ್ಲಿ ಮುಗಿಯಿತು. ಕೈಗೆತ್ತಿಕೊಂಡರೆ ಕಟಕ ರೊಟ್ಟಿಯ ಹಾಗೆ ನೆಟ್ಟಗೆ ನಿಂತಿತು. ಕೌದಿ ಮೈಗೆ ಬೀಳಬೇಕು, ನಿಲ್ಲಬಾರದು. ಆ ಪಟ್ಟಿಯನ್ನು ಕುಕ್ಕರ್ ಕೆಳಗೆ ಇಡುತ್ತೇವೆ.

ಕೂಲಿಗೆ ಕೊಟ್ಟಿದ್ದರೆ? ನನಗೆ ಹೇಳಿದ ದರ 1800, ಬಟ್ಟೆ ದಾರ ನಮ್ಮದೇ. ತಿಂಗಳುಗಟ್ಟಲೆ ಬೆನ್ನು ಬಾಗಿಸಿ ಮಾಡುವ ಕೆಲಸಕ್ಕೆ ಅದೇನೂ ಜಾಸ್ತಿ ಅಲ್ಲ. ಚೌಕಾಸಿ ಮಾಡುವವರು ಒಂದೇ ಒಂದು ಪಟ್ಟಿ ಹೊಲಿದು ನೋಡಲಿ.

ನಡುನಡುವೆ ಬೇರೆ ಆಟಗಳೂ ನಡೆದವು. ಗುಳೇದಗುಡ್ಡದ ಖಣದ, ಅಂದರೆ ರವಿಕೆ ಬಟ್ಟೆಯ, ತುಂಡುಗಳು ಒಂದು ಡಬ್ಬಿ ತುಂಬ ಇದ್ದವು. ನಡುವೆ ಒಂದು ಪಟ್ಟಿ ಪೂರ್ತಿ ಖಣದ್ದೇ ಮಾಡಿದೆ. ಹೊಳಪು ನೋಡಿ ಎಲ್ಲರೂ ಅದನ್ನೇ ಮುಟ್ಟುತ್ತಾರೆ, ಆದರೆ ಕತ್ತರಿಸಿದ ಅಂಚಿನಿಂದ ಎಳೆ ಉದುರುತ್ತಲೇ ಇರುತ್ತದೆ. ಖಣ ಬಳಸುವುದಾದರೆ ದಡಿ ಇರುವ ತುಂಡನ್ನೇ ಆರಿಸಿ. ಅಂಚು ತಾನೇ ಗಟ್ಟಿ ಇರುತ್ತದೆ.

ಕಸೂತಿಯ ಗವಂತಿಯನ್ನು ಮೂರು ಪದರಿನ ಮೇಲೆ ಹಾಕಲು ನೋಡಿದೆ. ಗವಂತಿ ಎರಡೂ ಮುಖಕ್ಕೆ ಒಂದೇ ರೀತಿ ಕಾಣುವ ಹೊಲಿಗೆ, ಕೌದಿಗೆ ಹೇಳಿ ಮಾಡಿಸಿದ್ದು ಅನಿಸಿತ್ತು. ಎಳೆ ಎಣಿಸಿ ಹಾಕುವ ಹೊಲಿಗೆಯಲ್ಲವೇ, ಹಿಂದಿನ ಪದರಿನ ಎಳೆ ಕಣ್ಣಿಗೆ ಕಾಣಲ್ಲ. ಮೇಲೆ ಗೋಪುರ, ಕೆಳಗೆ ಕಾಗೆಗೂಡು. ಈಗ ಮೇಲಿನ ಪದರಿಗೆ ಮೊದಲೇ ಕಸೂತಿ ಹಾಕಿ, ಆಮೇಲೆ ಪದರು ಕೂಡಿಸುತ್ತೇನೆ.

ಬಣ್ಣದ ಹುಚ್ಚೂ ಹಿಡಿದಿತ್ತು. ದಾಳಿಂಬೆ ಸಿಪ್ಪೆ ಕುದಿಸಿದ ನೀರಿನಲ್ಲಿ ಧೋತರ ಅದ್ದಿ, ಆಮೇಲೆ ತುಕ್ಕು ಮೊಳೆ ನೆನೆಸಿದ ನೀರನ್ನು ಸ್ವಲ್ಪ ಬೆರೆಸಿದ ನೀರಿಗೆ ಹಾಕಿದರೆ ಮೋಡದ ಬೂದು ಬರುತ್ತದೆ. ಬಹಳ ಚೆಂದ. ಕಬ್ಬಿಣದ ನೀರು ಜಾಸ್ತಿಯಾದರೆ ಬಟ್ಟೆ ಬರಬರುತ್ತ ಬಲ ಕಳೆದುಕೊಳ್ಳುತ್ತದೆ, ಒಂದು ಚಮಚಕ್ಕೆ ನಿಲ್ಲಿಸಿ. ಬಣ್ಣ ಬಿಡುವ ಕೆಂಪು ಸೆರಗಿನ ಬಗ್ಗೆ ನಿಮಗೆ ಹೇಳಬೇಕಿಲ್ಲ. ಒದ್ದೆ ಬಿಳಿ ಬಟ್ಟೆ ಉಜ್ಜಿ ನೋಡದೆ ಯಾವ ಕೆಂಪನ್ನೂ ಒಳಗೆ ಸೇರಿಸಲ್ಲ.

ಮೂಲೆಗಳನ್ನು ಮಾತ್ರ ಸಿದ್ದಿ ಜನರಿಂದ ಕಲಿತೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿ, ಅಂದರೆ ಅವರ ಕೌದಿ, ನೋಡಿದ್ದೀರಲ್ಲ? ಅವರು ಮೂಲೆಯಿಂದ ಶುರು ಮಾಡಿ, ಸುತ್ತ ಸುತ್ತ ಬಂದು ನಡುವೆ ಮುಗಿಸುತ್ತಾರೆ. ಅಳತೆ ಇಲ್ಲ, ಅಚ್ಚು ಇಲ್ಲ, ತುಂಡು ಕೈಗೆ ಬಂದ ಹಾಗೆ ಕೂರಿಸುತ್ತ ಹೋಗುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಮುಕ್ಕೋನ, ಅದಕ್ಕೆ ಫೂಲ ಅನ್ನುತ್ತಾರೆ. ಅದಿಲ್ಲದ ಕವಂದಿ ಬರಿಮೈಯಲ್ಲಿದ್ದಂತೆ ಅವರಿಗೆ. ನನ್ನ ರಟ್ಟಿನ ಅಚ್ಚಿನ ಕೌದಿಗೂ ಫೂಲ ಹಾಕಿದ ಮೇಲೆ ಒಂದು ಕಳೆ ಬಂತು. ಅವರ ಹಾಗೆ ಅಳತೆಯಿಲ್ಲದೆ ಹೊಲಿಯುವ ಧೈರ್ಯ ಮಾತ್ರ ನನಗಿನ್ನೂ ಬಂದಿಲ್ಲ.

ಇನ್ನೊಂದು ತಮಾಷೆ. ಮುಗಿಸುವ ಮುನ್ನ ಕೌದಿಯ ಹೊಟ್ಟೆ ಖಾಲಿ ಇರಬಾರದು ಅಂತ ನಡುವೆ ನಾಲ್ಕು ಅಕ್ಕಿಕಾಳು ಇಡುವುದು ನಮ್ಮ ಮನೆಯ ಪದ್ಧತಿ. 12 ಪಟ್ಟಿಯ ಕೌದಿಗೆ ಹೊಟ್ಟೆ ಎಲ್ಲಿ? ಮನೆಯಲ್ಲಿ ಒಂದು ಸಂಜೆಯಿಡೀ ವಾದ ನಡೆಯಿತು. ಅಡ್ಡ ಮೂರು, ಉದ್ದ ನಾಲ್ಕು ಇರುವುದರಿಂದ ನಟ್ಟನಡುವೆ ಬರುವುದು ಎರಡು ಪಟ್ಟಿಯ ಜೋಡು. ಅಲ್ಲೇ ಹಿಂದಿನ ಹೆಮ್ಮಿಂಗ್ ಮುಚ್ಚುವ ಮೊದಲು ಕಾಳು ಸೇರಿಸಿದೆವು.

ಎರಡನೆಯ ಕೌದಿ ಮಗಳಿಗೆ. ಮೂರು ಪಟ್ಟಿ ಮುಗಿದು ಕೂಡಿಸಿಯೂ ಆಗಿದೆ, ನಾಲ್ಕನೆಯದರ ಹದಿನೈದು ಸಾಲು ಬಾಕಿ. ಈ ಸಲ ಸಾಲಿನ ನಡುವೆ ಮುಕ್ಕಾಲು ಇಂಚು ಬಿಟ್ಟು ನೋಡುತ್ತಿದ್ದೇನೆ. ದಾರ ಮೂರನೇ ಒಂದು ಪಾಲು ಉಳಿಯುತ್ತಿದೆ, ಬಟ್ಟೆ ಇನ್ನೂ ಮೆತ್ತಗೆ ಬೀಳುತ್ತಿದೆ. ಕೊಂಡಿ ಸಾಲುಗಳು ಕಡಿಮೆಯಾಗುವುದರಿಂದ ಜೋಡು ತಡೆಯುತ್ತದೋ ಇಲ್ಲವೋ ಒದ್ದೆ ಮಾಡಿ ಎತ್ತಿದ ಮೇಲೆ ಹೇಳುತ್ತೇನೆ. ಓಣಿಯ ಅಜ್ಜಿ ತಡೆಯಲ್ಲ ಅಂದಿದ್ದಾರೆ. ಹಾಗಂದು, ತಮ್ಮ ಸೊಸೆಗೆ ತೋರಿಸಲು ನನ್ನ ರಟ್ಟಿನ ಅಚ್ಚನ್ನು ಒಯ್ದಿದ್ದಾರೆ, ಎರಡು ವಾರವಾಯಿತು, ಇನ್ನೂ ವಾಪಸ್ ಬಂದಿಲ್ಲ.