ಗ್ರೇಡ್ ಏರಿಸದೆ ಕಾಸ್ಮಿಕ್ ರಿಡ್ಜ್: ಶಾಮೊನಿ ಕೋರ್ಸಿನಲ್ಲಿ ನನ್ನ ಅನುಭವ

ಕೊನೆಗೂ ಕಾಸ್ಮಿಕ್ ರಿಡ್ಜ್ ಆಯಿತು, ಫ್ರಾನ್ಸಿನ ಶಾಮೊನಿ ಊರಿನ ಮೇಲಿರುವ ಬಂಡೆ ಮತ್ತು ಹಿಮದ ಏಣು. ಗೈಡ್ ಎಳೆದುಕೊಂಡು ಹೋದದ್ದಲ್ಲ. ನಾನು, ನನ್ನ ಗೆಳೆಯ ಒಂದು ಹಗ್ಗದಲ್ಲಿ, ಲೀಡ್ (ಮುಂದೆ ಹತ್ತಿ ಹಗ್ಗ ಒಯ್ಯುವುದು) ಪೂರ್ತಿ ನಮ್ಮದೇ. ಗೈಡ್ ಕೋರ್ಸಿನ ಮೂರನೆಯವರನ್ನು ಕಟ್ಟಿಕೊಂಡು ನಮ್ಮ ಮುಂದೆ ಇದ್ದರು. ಸಿಮೊಂಡ್ ಗುಡಿಸಲಿನ ಹತ್ತಿರ ಶುರು ಮಾಡಿ ಸುಮಾರು ಮೂರೂವರೆ ಗಂಟೆಯಲ್ಲಿ ಎಗುಯ್ ದು ಮಿದಿ ಶಿಖರದ ಕೇಬಲ್ ಕಾರು ನಿಲ್ದಾಣದ ಏಣಿ ಹಿಡಿದಿದ್ದೆವು. ಆ ದಿನ ನಮ್ಮನ್ನು ಹಿಂದೆ ಹಾಕಿದ ಹಗ್ಗದ ಜೋಡಿ ಒಂದೂ ಇಲ್ಲ. ಇನ್ನೊಂದು ವಿಷಯ: ಬೋಲ್ಟ್ ಇರುವ ಬಂಡೆಯಲ್ಲಿ ನನ್ನ ಗ್ರೇಡ್ (ಎಷ್ಟು ಕಷ್ಟದ ದಾರಿ ಹತ್ತಬಲ್ಲೆ ಅನ್ನುವ ಅಳತೆ) ಹಿಂದಿನ ವರ್ಷಕ್ಕಿಂತ ಒಂದು ಮೆಟ್ಟಿಲು ಕೆಳಗೇ ಇತ್ತು. ಇದನ್ನು ಬರೆಯುವುದಕ್ಕೆ ಕಾರಣವೇ ಅದು.

ನನ್ನ ಜೊತೆ ಹತ್ತುವವರೆಲ್ಲ ಒಂದೇ ಮಾತು ಹೇಳುತ್ತಿದ್ದರು, "ಮೊದಲು 6ಬಿ ಆರಾಮಾಗಿ ಲೀಡ್ ಮಾಡು, ಆಮೇಲೆ ಆಲ್ಪ್ಸ್ ಕೋರ್ಸಿಗೆ ದುಡ್ಡು ಹಾಕು." ಹಾಗೇ ಮಾಡಿದೆ. ಒಂದು ಚಳಿಗಾಲ ಪೂರ್ತಿ ಜಿಮ್ಮಿನ ಗೋಡೆ, ಬೆರಳಿನ ಹಲಗೆ, ಕೋಚಿಂಗ್. ಜಿಮ್ಮು ಕೋಚಿಂಗು ಸೇರಿ 900 ಯೂರೋ ಹತ್ತಿರ ಹೋಯಿತು ಅನ್ನಿಸುತ್ತದೆ. 6ಬಿ ಬಂತು, ಖುಷಿಯೂ ಆಯಿತು. ಆ ಬೇಸಿಗೆಯಲ್ಲೇ ಮೊದಲ ಕೋರ್ಸ್: 1300 ಯೂರೋ ಆಸುಪಾಸು, ಮೇಲೆ ಕೇಬಲ್ ಕಾರು, ಹಟ್, ನಮ್ಮ ಪಾಲಿಗೆ ಬರುವ ಗೈಡ್ ಖರ್ಚು ಅಂತ ಇನ್ನೊಂದು 400.

ಆ ಸಲ ಕಾಸ್ಮಿಕ್‌ನಲ್ಲಿ ಹಗ್ಗದಲ್ಲಿ ಜಾರಿ ಇಳಿಯುವ ಮೊದಲ ರಾಪೆಲ್‌ಗೆ ಮುಂಚೆಯೇ ಗೈಡ್ ವಾಪಸ್ ತಿರುಗಿಸಿದರು. ಕಷ್ಟವಾಯಿತು ಅಂತಲ್ಲ, ಬಂಡೆ 4ನೇ ಗ್ರೇಡಿಗಿಂತ ಮೇಲೆ ಹೋಗುವುದೇ ಅಪರೂಪ. ಸಮಯ ಮುಗಿದಿತ್ತು. ಕೊನೆಯ ಕೇಬಲ್ ಕಾರು ತಪ್ಪಿದರೆ 3842 ಮೀಟರ್ ಮೇಲೆ ರಾತ್ರಿ ಕಳೆಯಬೇಕಾಗುತ್ತದೆ ಅಂತ ನಿಮಗೂ ಗೊತ್ತು. ಗೈಡ್ ಹೇಳಿದ್ದು ಇಷ್ಟೇ: ನಿಮ್ಮ ಕ್ಲೈಂಬಿಂಗ್ ಚೆನ್ನಾಗಿದೆ, ಸಮಯವೆಲ್ಲ ನಿಂತಲ್ಲಿ ಹೋಗುತ್ತಿದೆ.

ಅವತ್ತು ರಾತ್ರಿ ಗೆಳೆಯನ ವಾಚಿನಲ್ಲಿ ದಾಖಲಾದದ್ದನ್ನು ಕೂತು ನೋಡಿದೆವು. ಹಗ್ಗ ಕಟ್ಟಿ ನಿಂತು ಜೊತೆಗಾರನನ್ನು ಬರಮಾಡುವ ಒಂದೊಂದು ಸ್ಟ್ಯಾನ್ಸ್‌ನಲ್ಲಿ ಹನ್ನೆರಡು, ಹದಿಮೂರು ನಿಮಿಷ. ಹತ್ತುವುದಕ್ಕಿಂತ ಅದೇ ಜಾಸ್ತಿ. ನನಗೆ ಕಣ್ಣು ಬಿಟ್ಟಂತಾಯಿತು. 6ಬಿ ಅಲ್ಲ, 7ಎ ಹತ್ತಿದರೂ ಆ ಹನ್ನೆರಡು ನಿಮಿಷ ಕಡಿಮೆಯಾಗುವುದಿಲ್ಲ ಅಲ್ವಾ?

ಮುಂದಿನ ವರ್ಷ ಗ್ರೇಡ್ ಮಾತನ್ನೇ ಬಿಟ್ಟೆ. ಜಿಮ್ ನಿಲ್ಲಿಸಿದೆ. ರಾಕ್ ಶೂ ಕಪಾಟಿಗೆ ಹೋಯಿತು. ಗಟ್ಟಿ ಅಟ್ಟೆಯ ಮೌಂಟೇನ್ ಬೂಟು, ಬೆನ್ನಿಗೆ ಏಳೆಂಟು ಕಿಲೋ ಚೀಲ, ಕೈಗೆ ತೆಳು ಗ್ಲೌಸ್, ಹತ್ತುವುದು ಬರೀ 3 ಮತ್ತು 4. ಒಂದೇ ಬಂಡೆಯಲ್ಲಿ ಮೇಲೆ ಕೆಳಗೆ, ಮೇಲೆ ಕೆಳಗೆ. ಇಳಿಯುವುದನ್ನೂ ರಾಪೆಲ್ ಇಲ್ಲದೆ ಹತ್ತಿದ ದಾರಿಯಲ್ಲೇ ಮಾಡುತ್ತಿದ್ದೆವು, ಅದೇ ನಿಜವಾದ ಪಾಠ. ಬಂಡೆಗೆ ಬಂದ ಬೇರೆ ಗುಂಪಿನವರು ನೋಡಿ ನಗುತ್ತಿದ್ದರು. ಒಬ್ಬರು ಬಂದು, "ಇಷ್ಟು ಸುಲಭದ್ದನ್ನು ಎಷ್ಟು ಸಲ ಹತ್ತುತ್ತೀರಿ, ಇದರಿಂದ ಏನು ಬರುತ್ತದೆ?" ಅಂತ ಕೇಳಿಯೇಬಿಟ್ಟರು. ಏನು ಬಂತು ಅಂತ ಈಗ ಹೇಳಬಹುದು.

ಬೂಟಿನಲ್ಲಿ ಮೊದಲ ಕೆಲವು ವಾರ ಏನೂ ಸರಿ ಬರಲಿಲ್ಲ. ರಾಕ್ ಶೂನಲ್ಲಿ ಕಾಲಿನ ಅಟ್ಟೆ ಪೂರ್ತಿ ಒತ್ತಿ ನಿಲ್ಲುವ ಅಭ್ಯಾಸ, ಬೂಟಿನಲ್ಲಿ ಹಾಗೆ ಮಾಡಿದರೆ ಜಾರುತ್ತದೆ. ತುದಿಯ ಒಂದು ಬೆರಳಗಲ ಜಾಗ ಮಾತ್ರ ನಿಮ್ಮದು. ಇಟ್ಟ ಮೇಲೆ ಹಿಮ್ಮಡಿ ಮೇಲೆ ಕೆಳಗೆ ಆಡಬಾರದು. ಕ್ರಾಂಪಾನ್ (ಬೂಟಿನ ಕೆಳಗೆ ಕಟ್ಟುವ ಮುಳ್ಳಿನ ಚೌಕಟ್ಟು) ಹಾಕಿದಾಗಂತೂ ಹಿಮ್ಮಡಿ ಆಡಿತೋ ಮುಳ್ಳು ಹಾರಿ ಬರುತ್ತದೆ. ಹಳೆಯ ಕ್ರಾಂಪಾನ್ ಒಂದು ಜೋಡಿ ಸಿಕ್ಕಿತ್ತು, 40 ಯೂರೋ ಇರಬೇಕು, ಅದನ್ನು ಯಾರೂ ಹತ್ತದ ಒಂದು ಕುಸಿದ ಬಂಡೆಯ ಮೇಲೆ ಹಾಕಿ ಸವೆಸಿದೆವು. ಜನ ಹತ್ತುವ ದಾರಿಯಲ್ಲಿ ಮಾತ್ರ ದಯವಿಟ್ಟು ಇದನ್ನು ಮಾಡಬೇಡಿ, ಗೀರು ಬೀಳುತ್ತದೆ. ಕಾಸ್ಮಿಕ್‌ನ ಮೇಲಿನ ಚಪ್ಪಡಿ ಬಿರುಕಿನಲ್ಲಿ ಕೊರೆದ ಸಣ್ಣ ತೂತುಗಳಿವೆಯಲ್ಲ, ಕ್ರಾಂಪಾನಿನ ಮುಂದಿನ ಮುಳ್ಳು ಅದರಲ್ಲಿ ಕೂರಿಸಿ ಹಿಮ್ಮಡಿ ಇಳಿಸಿ ನಿಂತಾಗ ಈ ಅಭ್ಯಾಸದ ಬೆಲೆ ಗೊತ್ತಾಯಿತು. ಹಿಂದಿನ ವರ್ಷ ಅಲ್ಲಿಯತನಕ ಹೋಗಿಯೇ ಇರಲಿಲ್ಲ.

ಇನ್ನು ಸ್ಟ್ಯಾನ್ಸ್. ಇದನ್ನು ನೆಲದ ಮೇಲೇ ಕಲಿತೆವು. ಸೊಂಟದ ಎತ್ತರದಲ್ಲಿ ಎರಡು ಬೋಲ್ಟ್ ಇರುವ ಒಂದು ಜಾಗ ಹುಡುಕಿ, ಗ್ಲೌಸ್ ಹಾಕಿಕೊಂಡು, ಬರುವುದು, ಕಟ್ಟಿಕೊಳ್ಳುವುದು, ಹಿಂದೆ ಬರುವವನನ್ನು ಬರಮಾಡುವುದು, ಗೇರ್ ಕೈ ಬದಲಿಸುವುದು, ಹೊರಡುವುದು. ಕೆಲವು ಸಂಜೆ ಬೇಕೆಂತಲೇ ಕತ್ತಲಲ್ಲಿ. ಮೊದಲು ಒಂಬತ್ತು ನಿಮಿಷ, ಆಮೇಲೆ ಆರು, ಕೊನೆಗೆ ಮೂರೂವರೆ ನಾಲ್ಕರ ಹತ್ತಿರ ನಿಂತಿತು. ಇದಕ್ಕಿಂತ ಕೆಳಗೆ ತರುವುದಕ್ಕೆ ಹೋದರೆ ಬಡಿ ಚೆಕ್ (ಒಬ್ಬರ ಕಟ್ಟನ್ನು ಇನ್ನೊಬ್ಬರು ನೋಡುವುದು) ತಪ್ಪುತ್ತದೆ, ಅದು ಬೇಡ. ಅತಿ ಹೆಚ್ಚು ಸಮಯ ಉಳಿಸಿದ್ದು ಬಿಲೇ (ಹಗ್ಗ ಹಿಡಿದು ಜೊತೆಗಾರನನ್ನು ಕಾಯುವುದು) ಅಲ್ಲ, ಹಗ್ಗದ ರಾಶಿ. ಅದನ್ನು ಹೇಗೆ ಇಡುತ್ತೇವೆ, ಯಾವ ಕೈಯಿಂದ ತಿರುಗಿಸುತ್ತೇವೆ ಅನ್ನುವುದು ನಾವಿಬ್ಬರು ಒಂದು ಚಳಿಗಾಲ ಕೂತು ಕಂಡುಕೊಂಡದ್ದು, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ಜೊತೆಯಾಗಿ ಚಲಿಸುವುದು, ಅಂದರೆ ಹಗ್ಗ ಮೊಟಕು ಮಾಡಿ ಇಬ್ಬರೂ ಒಟ್ಟಿಗೆ ಹೋಗುವುದು, ಇದನ್ನು ಮಾತ್ರ ಗೈಡ್ ಇಲ್ಲದೆ ಕಲಿಯಬೇಡಿ. ನಾನು ಮೊದಲು ನೋಡಿ ನೋಡಿ ಕಲಿಯಬಹುದು ಅಂದುಕೊಂಡಿದ್ದೆ. ಹೊರಗಿಂದ ನೋಡಿದರೆ ಹಗ್ಗ ಹಿಡಿದುಕೊಂಡು ನಡೆದ ಹಾಗೆ ಕಾಣುತ್ತದೆ. ಒಳಗಿನ ಲೆಕ್ಕ ಬೇರೆ. ಭುಜದ ಸುತ್ತು ಸರಿಯಾಗಿ ಲಾಕ್ ಮಾಡಿ ಎಳೆತ ಹಾರ್ನೆಸ್ ಮೇಲೇ ಬರಬೇಕು, ಕುತ್ತಿಗೆ ಮೇಲಲ್ಲ. ಇಬ್ಬರ ನಡುವೆ ಯಾವಾಗಲೂ ಒಂದು ಕಲ್ಲಿನ ಮೂಗೋ, ಒಂದು ಸ್ಲಿಂಗೋ (ಪಟ್ಟಿಯ ಕುಣಿಕೆ), ಒಂದು ಕ್ಯಾಮೋ (ಬಂಡೆಯ ಬಿರುಕಿನಲ್ಲಿ ಸಿಕ್ಕಿಸುವ ಸಾಧನ) ಇರಲೇಬೇಕು. ರಿಡ್ಜಿನ ಆ ಕಡೆ ಒಬ್ಬ, ಈ ಕಡೆ ಒಬ್ಬ ಆಗುವಂತೆ ಹಗ್ಗವನ್ನು ಮೊನೆಗಳ ನಡುವೆ ಹೆಣೆಯುತ್ತಾ ಹೋಗಬೇಕು. ಇದನ್ನು ಎಗುಯ್ ರೂಜ್ ಬೆಟ್ಟಸಾಲಿನ ಕಡೆ ಕ್ರೋಷೂ ಟ್ರಾವರ್ಸ್‌ನಲ್ಲಿ ಗೈಡ್ ಒಂದು ದಿನ ಪೂರ್ತಿ ಕೂತು ತಿದ್ದಿದರು. ಎಲ್ಲಿ ಚಲಿಸಬೇಕು, ಎಲ್ಲಿ ನಿಂತು ಒಬ್ಬೊಬ್ಬರಾಗಿ ಹತ್ತಬೇಕು ಅನ್ನುವ ನಿರ್ಧಾರವನ್ನು ನಮಗೇ ಬಿಟ್ಟು, ಸರಿಯಿಲ್ಲದಾಗ "ಇಲ್ಲಿ ನಿನ್ನ ಗೆಳೆಯ ಜಾರಿದರೆ ಏನಾಗುತ್ತದೆ?" ಅಂತ ಮಾತ್ರ ಕೇಳುತ್ತಿದ್ದರು. ಇಡೀ ಕೋರ್ಸಿನಲ್ಲಿ ದುಡ್ಡಿಗೆ ಅತಿ ಜಾಸ್ತಿ ಬೆಲೆ ಸಿಕ್ಕಿದ್ದು ಆ ದಿನ.

ಈ ಎರಡನೇ ಕೋರ್ಸಿಗೆ 1500ರ ಮೇಲೆ ಕೊಟ್ಟೆ. ಮೂವರಿಗೆ ಒಬ್ಬ ಗೈಡ್. ಮೊದಲ ಸಲ ನಾಲ್ವರಿಗೆ ಒಬ್ಬರು, ಗ್ಲೇಸಿಯರ್ ದಿನಗಳಿಗೆ ಅದು ಸಾಕು, ರಿಡ್ಜಿಗೆ ಸಾಲದು. ಬುಕ್ ಮಾಡುವ ಮುಂಚೆ ಇದೊಂದನ್ನು ಕೇಳಿ: ರಿಡ್ಜ್ ದಿನ ಎಷ್ಟು ಜನಕ್ಕೆ ಒಬ್ಬರು, ಲೀಡ್ ಮಾಡಲು ಬಿಡುತ್ತಾರಾ ಇಲ್ವಾ. ಗೈಡ್ ಯುಐಎಜಿಎಂ (ಪರ್ವತ ಗೈಡ್‌ಗಳ ಅಂತರರಾಷ್ಟ್ರೀಯ ಒಕ್ಕೂಟ) ಬ್ಯಾಡ್ಜ್ ಇರುವವರೇ ಆಗಿರಬೇಕು ಅಂತ ಬೇರೆ ಹೇಳಬೇಕಿಲ್ಲ.

ಬೂಟಿಗೆ ಹೋದ ದುಡ್ಡು ಹೇಳುತ್ತೇನೆ, ಬೇರೆಯವರಿಗಾದರೂ ಉಳಿಯಲಿ. ಮೊದಲ ವರ್ಷ ಬಾಡಿಗೆ ಬೂಟು, ದಿನಕ್ಕೆ 15 ಯೂರೋ ಇರಬೇಕು. ಕೊಟ್ಟ ಅಂಗಡಿಯವರು ಅಳತೆ ನೋಡದೆ ಕೊಟ್ಟರು, ಹಿಮ್ಮಡಿ ಎದ್ದು ಎರಡೂ ಕಾಲಲ್ಲಿ ಗುಳ್ಳೆ. ಆಮೇಲೆ ಸ್ವಂತದ್ದು ಕೊಂಡೆ, 350 ಹತ್ತಿರ. ಒಂದು ವರ್ಷ ಬಂಡೆಯ ಮೇಲೆ ಉಜ್ಜಿದ್ದರಿಂದ ತುದಿ ಸವೆದು ಹೊಸ ಅಟ್ಟೆ ಹಾಕಿಸಲು ಇನ್ನೊಂದು 85. ಜಿಮ್ಮಿನ 900ಕ್ಕೆ ಹೋಲಿಸಿದರೆ ಏನೂ ಅಲ್ಲ. ಹಗ್ಗದಲ್ಲೂ ಹೀಗೇ. 60 ಮೀಟರಿನ 9.8 ಮಿಮೀ ಹಗ್ಗ ಇತ್ತು, ಹೆಚ್ಚುಕಡಿಮೆ ನಾಲ್ಕು ಕಿಲೋ, ರಿಡ್ಜಿನಲ್ಲಿ ಅರ್ಧ ಹಗ್ಗ ಸುಮ್ನೆ ಬೆನ್ನ ಮೇಲೆ. ಈಗ 50 ಮೀಟರಿನ ತೆಳು ಸಿಂಗಲ್, ಒಂದು ಕಿಲೋ ಆದರೂ ಉಳಿಯಿತು.

ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ಫ್ರಾನ್ಸ್ ಕಡೆ ಪರ್ವತ ರಕ್ಷಣಾ ಪೊಲೀಸರಾದ ಪಿಜಿಹೆಚ್‌ಎಂನವರು ಪರ್ವತದಲ್ಲಿ ಎತ್ತಿಕೊಂಡು ಬಂದದ್ದಕ್ಕೆ ದುಡ್ಡು ಕೇಳುವುದಿಲ್ಲ ಅಂತ ಕೆಲವರು ಇನ್ಶೂರೆನ್ಸ್ ಬಿಡುತ್ತಾರೆ. ಆದರೆ ಎಗುಯ್ ದು ತೂರ್‌ಗೆ ಹೋಗುವ ಸಾಮಾನ್ಯ ದಾರಿಯೇ ಕೋಲ್ (ಶಿಖರಗಳ ನಡುವಿನ ತಗ್ಗು) ದಾಟಿ ಸ್ವಿಟ್ಜರ್ಲೆಂಡಿನ ತ್ರಿಯಾಂ ಹಿಮದ ಬಯಲಿಗೆ ಇಳಿಯುತ್ತದೆ. ಅಲ್ಲಿ ಹೆಲಿಕಾಪ್ಟರ್ ಬಂದರೆ ಬಿಲ್ ನಿಮ್ಮ ಹೆಸರಿಗೆ.

ಆಲ್ಬರ್ಟ್ ಪ್ರೆಮಿಯೆ ಹಟ್ಟಿನಲ್ಲಿ ಕೋರ್ಸಿನ ಮೊದಲ ದಿನಗಳು ಹೋದವು. 2700 ಮೀಟರ್ ಚಿಲ್ಲರೆ. ಶಾಮೊನಿಯ 1035 ಮೀಟರಿನಿಂದ ಇಪ್ಪತ್ತೇ ನಿಮಿಷದಲ್ಲಿ ಮಿದಿಯ ತುದಿಗೆ ಏರಿಸುವ ಕೇಬಲ್ ಕಾರನ್ನು ನಂಬಿ ಮೊದಲ ವರ್ಷ ನೇರ ಹೋಗಿದ್ದೆವು, ತಲೆನೋವಿನಲ್ಲೇ ಅರ್ಧ ದಿನ. ಈ ಸಲ ಎರಡು ರಾತ್ರಿ ಹಟ್ಟಿನಲ್ಲಿ ಮಲಗಿ ಎಗುಯ್ ದು ತೂರ್ ಮಾಡಿಕೊಂಡೇ ಮೇಲೆ ಹೋದದ್ದು, ತಲೆನೋವು ಹತ್ತಿರ ಸುಳಿಯಲಿಲ್ಲ.

ಅಲ್ಲೇ ಗ್ಲೇಸಿಯರ್ ಮೇಲೆ ಬಿರುಕಿಗೆ ಬಿದ್ದವರನ್ನು ಎತ್ತುವ ಅಭ್ಯಾಸ. ಬೇರೆಯವರು ಚಹಾ ಕುಡಿಯುವಾಗ ನಾವು ಒಂದೆರಡು ಪ್ರಯೋಗ ಮಾಡಿದೆವು. ಇಬ್ಬರೇ ಇದ್ದಾಗ ಹಗ್ಗದಲ್ಲಿ ಗಂಟು ಹಾಕಿಕೊಂಡು ಹೋಗಬೇಕು ಅಂತಾರಲ್ಲ, ಅಂಚಿನ ಹಿಮ ಕೊರೆದು ಗಂಟು ಸಿಕ್ಕಿಕೊಂಡು ಬಿದ್ದವರನ್ನು ತಡೆಯುತ್ತದೆ ಅಂತ. ಚೀಲಕ್ಕೆ ಭಾರ ತುಂಬಿ ಅಂಚಿನಿಂದ ಬಿಟ್ಟು ನೋಡಿದೆವು. ಮಧ್ಯಾಹ್ನದ ಮೆತ್ತಗಿನ ಹಿಮದಲ್ಲಿ ಚೆನ್ನಾಗಿ ಹಿಡಿಯಿತು. ನಸುಕಿನ ಗಟ್ಟಿ ಹಿಮದಲ್ಲಿ ಮೊದಲ ಗಂಟು ಪುಟಿದು ಕೆಳಗೆ ಹೋಯಿತು, ಎರಡನೆಯದೂ ಅಷ್ಟೇ. ಆಮೇಲೆ ಎಳೆಯುವಾಗ ಇನ್ನೊಂದು ತೊಂದರೆ, ಆ ಗಂಟುಗಳು ಅಂಚಿನಲ್ಲೂ ರಾಟೆಯಲ್ಲೂ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಗಂಟು ಹಾಕಿದವರು ಉಳಿಕೆ ಹಗ್ಗವನ್ನು ಕೆಳಗೆ ಬಿಟ್ಟು ಅದರಲ್ಲೇ ಎಳೆಯಬೇಕು. ಉಳಿಕೆ ಹಗ್ಗ ಅಷ್ಟು ಉದ್ದ ಇಟ್ಟುಕೊಳ್ಳದಿದ್ದರೆ ಗಂಟು ಹಾಕಿ ಏನು ಪ್ರಯೋಜನ?

ಇಸೆಡ್ ಆಕಾರದ ರಾಟೆ ಕಾಗದದ ಮೇಲೆ 3ಕ್ಕೆ 1, ಅಂದರೆ ಎಳೆತದ ಮೂರು ಪಟ್ಟು ಬಲ. ಬರೀ ಕ್ಯಾರಬೀನರ್ (ಲೋಹದ ಕೊಂಡಿ) ಹಾಕಿದರೆ ತಿಕ್ಕಾಟದಲ್ಲೇ ಹೋಗಿ ಎರಡೂ ಸಿಗುವುದಿಲ್ಲ. ಹಗ್ಗವನ್ನು ಹಿಂದೆ ಬಿಡದೆ ಹಿಡಿಯುವ ರಾಟೆ ಒಂದೇ ಒಂದು ಇದ್ದರೆ ಅದನ್ನು ಭಾರ ಮೊದಲು ತಿರುಗುವ ಕಡೆ, ಅಂದರೆ ಹಗ್ಗ ಬಿಗಿದ ಆ್ಯಂಕರಿನಲ್ಲಿ ಹಾಕಬೇಕೋ, ಕೈ ಹತ್ತಿರ ಹಾಕಬೇಕೋ ಅಂತ ನಮ್ಮಿಬ್ಬರ ಮಧ್ಯೆ ವಾದ. ಕೈ ಹತ್ತಿರ ಹಾಕಿದರೆ ಎಳೆಯುವ ಕೆಲಸ ಹಗುರ, ಆ್ಯಂಕರಿನಲ್ಲಿ ಹಾಕಿದರೆ ಹಗ್ಗ ಹಿಂದೆ ಜಾರುವುದಿಲ್ಲ. ಹಗ್ಗವನ್ನು ಕಚ್ಚಿ ಹಿಡಿಯುವ ಪ್ರೂಸಿಕ್ ಗಂಟಿನ ದಾರದ ವಿಷಯದಲ್ಲಿ 6 ಮಿಮೀ ನಮ್ಮ ತೆಳು ಒದ್ದೆ ಹಗ್ಗದ ಮೇಲೆ ಜಾರುತ್ತಿತ್ತು, 5 ಮಿಮೀ ಕಚ್ಚಿತು, ಆದರೆ ಭಾರ ಬಿದ್ದ ಮೇಲೆ ಗ್ಲೌಸ್ ಕೈಯಲ್ಲಿ ಬಿಡಿಸುವುದು ಹಿಂಸೆ.

ಕಾಸ್ಮಿಕ್ ದಿನದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ದಾರಿಯ ವಿವರ ಎಲ್ಲ ಕಡೆ ಸಿಗುತ್ತದೆ. ಒಂದು ಎಚ್ಚರಿಕೆ ಮಾತ್ರ. 2018ರ ಆಗಸ್ಟ್‌ನಲ್ಲಿ ಈ ರಿಡ್ಜಿನ ಒಂದು ತುಂಡು ಕುಸಿಯಿತು, 2005ರಲ್ಲಿ ದ್ರೂ ಶಿಖರದ ಬೊನಾಟ್ಟಿ ಕಂಬವೇ ಹೋಯಿತು. ಕಲ್ಲುಗಳನ್ನು ಅಂಟಿಸಿಟ್ಟ ಒಳಗಿನ ಐಸು ಬೇಸಿಗೆಯ ಬಿಸಿಗೆ ಕರಗುತ್ತಿದೆ. ಸ್ಲಿಂಗ್ ಹಾಕುವ ಮುಂಚೆ ಕಲ್ಲಿನ ಮೂಗನ್ನು ಅಂಗೈಯಿಂದ ಬಡಿದು ನೋಡಿ, ಟೊಳ್ಳು ಸದ್ದು ಬಂದರೆ ಬಿಟ್ಟುಬಿಡಿ. ಬಿಸಿಲು ಜೋರಾದ ವಾರ ಹೋಗಲೇಬೇಡಿ, ಕೋರ್ಸ್ ದುಡ್ಡು ಹೋದರೆ ಹೋಗಲಿ. ನಮ್ಮ ಗೈಡ್ ಒಂದು ದಿನ ಮುಂದೆ ಹಾಕಿದರು, ರಾತ್ರಿ ಚೆನ್ನಾಗಿ ಹೆಪ್ಪುಗಟ್ಟಲಿ ಅಂತ. ಆ ದಿನ ಗಯ್ಯಾಂ ಬಂಡೆಯಲ್ಲಿ ಬೂಟಿನಲ್ಲೇ ಹತ್ತುತ್ತಾ ಕಳೆದೆವು.

ಸಾಮಾನು: ಮಧ್ಯಮ ಅಳತೆಯ ಮೂರ್ನಾಲ್ಕು ಕ್ಯಾಮ್, ಅರ್ಧ ಸೆಟ್ ನಟ್ (ಬಿರುಕಿನಲ್ಲಿ ಸಿಕ್ಕಿಸುವ ಲೋಹದ ತುಂಡು), 120 ಸೆಂಟಿಮೀಟರಿನ ಸ್ಲಿಂಗ್ ಆರು. ನಟ್ ಎರಡೋ ಮೂರೋ ಹಾಕಿರಬಹುದು, ಸ್ಲಿಂಗ್ ಮಾತ್ರ ಎಲ್ಲವೂ ಕೆಲಸಕ್ಕೆ ಬಂದವು. ಅವುಗಳನ್ನು ಒಂದೇ ಕೈಯಲ್ಲಿ ಬಿಡಿಸುವಂತೆ ಭುಜದ ಮೇಲೆ ಹೇಗೆ ಹಾಕಿಕೊಳ್ಳುವುದು ಅನ್ನುವುದು ಗೈಡ್ ಹೇಳಿಕೊಟ್ಟ ಕಸುಬು. ಅದನ್ನು ಅವರಿಂದಲೇ ಕಲಿಯಿರಿ.

ಮೇಲೆ ಬಂದಾಗ ಗೆಳೆಯನ ವಾಚ್ ಮತ್ತೆ ನೋಡಿದೆವು. ನಿಂತ ಜಾಗಗಳಲ್ಲಿ ಸರಾಸರಿ ನಾಲ್ಕೂವರೆ ನಿಮಿಷ, ಎರಡೂ ರಾಪೆಲ್ ಸೇರಿ ಇಪ್ಪತ್ತರ ಒಳಗೆ. 6ಬಿ ಹೇಳಿದ್ದವರಲ್ಲಿ ಇಬ್ಬರು ಈಗ ಬೂಟು ಹಾಕಿಕೊಂಡು ನಮ್ಮ ಜೊತೆ ಬಂಡೆಗೆ ಬರುತ್ತಿದ್ದಾರೆ.

ಮುಂದಿನ ಬೇಸಿಗೆಗೆ ಶಾರ್ದೊನೆ ಶಿಖರದ ಫೋರ್ಬ್ಸ್ ರಿಡ್ಜ್ ಇಟ್ಟುಕೊಂಡಿದ್ದೇವೆ, ಗೈಡ್ ಇಲ್ಲದೆ. ಅದೂ ಕಾಸ್ಮಿಕ್ ಹಾಗೆ ಎಡಿ ಗ್ರೇಡೇ (ಆಲ್ಪ್ಸ್ ಲೆಕ್ಕದಲ್ಲಿ ಸಾಕಷ್ಟು ಕಷ್ಟ), ಆದರೆ ಇದಕ್ಕಿಂತ ತುಂಬ ಉದ್ದ, ಮೇಲೆ ಕಾಯುವ ಕೇಬಲ್ ಕಾರು ಇಲ್ಲ, ಇಳಿಯುವ ದಾರಿಯೇ ಹೆಚ್ಚು ಕಾಡುವುದು. ಹಾಗಾಗಿ ಈ ಚಳಿಗಾಲ ಹತ್ತುವುದಕ್ಕಿಂತ ರಾಪೆಲ್ ಮತ್ತು ಕಡಿದಾದ ಹಿಮದಲ್ಲಿ ಇಳಿಯುವುದಕ್ಕೇ ಸಮಯ ಕೊಡುತ್ತಿದ್ದೇವೆ, ಬಡಿ ಚೆಕ್ ಬಿಡದೆ ಒಂದೊಂದು ರಾಪೆಲ್ ಎಂಟು ನಿಮಿಷದೊಳಗೆ ಬರುವ ತನಕ.