ಮರ್ಗಟ್ರಾಯ್ಡ್: ಅಪರೂಪದ ಒಂದು ಇಂಗ್ಲಿಷ್ ಅಡ್ಡಹೆಸರಿನ ಬೇರನ್ನು ಹುಡುಕಿದ ಬಗೆ

ಇಂಗ್ಲೆಂಡಿನಲ್ಲಿ ಊರಿನಿಂದ ಬಂದ ಅಡ್ಡಹೆಸರುಗಳು ಲೆಕ್ಕವಿಲ್ಲದಷ್ಟಿವೆ. ಆದರೆ ಅವೆಲ್ಲದರ ಮೂಲ ಹಿಡಿಯಲು ಆಗುವುದಿಲ್ಲ. ನ್ಯೂಟನ್ ಎಂದರೆ ಹೊಸೂರು, ನಾರ್ಟನ್ ಎಂದರೆ ಬಡಗಣ ಊರು. ನಮ್ಮಲ್ಲಿ ಹೊಸೂರು, ಹೊಸಹಳ್ಳಿಗಳು ಜಿಲ್ಲೆಗೆ ನಾಲ್ಕಾರು ಇದ್ದಂತೆ ಅಲ್ಲಿ ನ್ಯೂಟನ್‌ಗಳಿವೆ. ಒಬ್ಬ ನ್ಯೂಟನ್ ಯಾವ ನ್ಯೂಟನ್ನಿನವನು ಎಂದು ಹೆಸರು ನೋಡಿ ಹೇಳಲಾಗದು. ಇದಕ್ಕೆ ತದ್ವಿರುದ್ಧವಾದದ್ದು ಮರ್ಗಟ್ರಾಯ್ಡ್ (Murgatroyd). ಯಾರ್ಕ್‌ಶೈರಿನ ಹ್ಯಾಲಿಫ್ಯಾಕ್ಸ್ ಪಕ್ಕದ ವಾರ್ಲಿ ಎಂಬಲ್ಲಿನ ಒಂದೇ ಒಂದು ಹಿಡುವಳಿಯಿಂದ ಹುಟ್ಟಿದ ಹೆಸರು ಅದು. ನಾಟಕ, ಕಾರ್ಟೂನುಗಳಲ್ಲಿ ನಗೆಗಾಗಿ ಬಳಕೆಯಾಗಿ ಅನೇಕರು ಇದನ್ನು ಕಟ್ಟಿದ ಹೆಸರೆಂದೇ ತಿಳಿದಿದ್ದಾರೆ. ಆರು ನೂರು ವರ್ಷಕ್ಕೂ ಹಿಂದಿನ ದಾಖಲೆಯಿರುವ ಹೆಸರಿಗೆ ಇದು ಸಲ್ಲದ ಮಾತು.

ಈ ಹೆಸರಿನ ಮೇಲೆ ನಾನು ಕೆಲಸ ಮಾಡಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಅರ್ಥವನ್ನು ಕೊನೆಗೆ ಇಟ್ಟುಕೊಳ್ಳಬೇಕು. ನಿಘಂಟು ತೆರೆದು ಅರ್ಥ ಓದಿ, ಆಮೇಲೆ ಅದಕ್ಕೆ ಹೊಂದುವ ಊರು ಹುಡುಕಲು ಹೊರಟರೆ ಹತ್ತರಲ್ಲಿ ಎಂಟು ಸಲ ದಾರಿ ತಪ್ಪುತ್ತದೆ. ಮೊದಲು ಜನ ಎಲ್ಲಿದ್ದರು ಎಂಬ ಲೆಕ್ಕ, ಆಮೇಲೆ ಹಳೆಯ ಕಾಗುಣಿತ, ಕಡೆಗೆ ಅರ್ಥ.

ಲೆಕ್ಕಕ್ಕೆ ಒಳ್ಳೆಯ ನೆಲೆ 1881ರ ಜನಗಣತಿ. ಅದು ಪೂರ್ತಿಯಾಗಿ ಅಕ್ಷರಕ್ಕಿಳಿದಿದೆ, ಹುಡುಕಲು ದುಡ್ಡು ಕೊಡಬೇಕಿಲ್ಲ. ಹೆಸರಿನವರನ್ನು ನೋಂದಣಿ ಜಿಲ್ಲೆಯ ಪ್ರಕಾರ ಎಣಿಸಿ ನಾನು ಪಟ್ಟಿ ಮಾಡಿದೆ. ಇಲ್ಲಿ ಹೊಸಬರು ಮಾಡುವ ತಪ್ಪೆಂದರೆ ಬರೀ ತಲೆ ಎಣಿಸುವುದು. ಲಂಡನ್ನಿನಲ್ಲಿ ಆಗ 38 ಲಕ್ಷ ಜನ. ಅಲ್ಲಿ ಒಂದು ಹೆಸರಿನ 20 ಮಂದಿ ಸಿಕ್ಕರೆ ಹತ್ತು ಸಾವಿರಕ್ಕೆ 0.05 ಆಯಿತು. ಅದೇ 20 ಮಂದಿ ಐವತ್ತು ಸಾವಿರ ಜನರ ಜಿಲ್ಲೆಯಲ್ಲಿದ್ದರೆ ಹತ್ತು ಸಾವಿರಕ್ಕೆ 4, ಅಂದರೆ ಎಂಬತ್ತು ಪಟ್ಟು. ಬೇರು ತೋರಿಸುವುದು ಈ ಎರಡನೆಯ ಅಂಕಿ. ಮರ್ಗಟ್ರಾಯ್ಡ್ ವಿಷಯದಲ್ಲಿ ದಟ್ಟಣೆ ಬೀಳುವುದು ಯಾರ್ಕ್‌ಶೈರಿನ ಪಡುವಣ ಭಾಗವಾದ ವೆಸ್ಟ್ ರೈಡಿಂಗಿನ ಹ್ಯಾಲಿಫ್ಯಾಕ್ಸ್, ಕೀಥ್ಲಿ, ಬ್ರ್ಯಾಡ್‌ಫರ್ಡ್ ಸುತ್ತ. ಅಲ್ಲಿಂದ ದೂರ ಹೋದಷ್ಟೂ ಹೆಸರು ತೆಳುವಾಗುತ್ತದೆ.

ಹೆಸರು ಎಷ್ಟು ಅಪರೂಪ ಎನ್ನುವುದನ್ನು ಎರಡು ದಾರಿಯಿಂದ ತಾಳೆ ನೋಡಬೇಕು. ಒಂದು ಜನಗಣತಿಯ ನೇರ ಎಣಿಕೆ. ಇನ್ನೊಂದು ಜನನ ನೋಂದಣಿಯ ಸೂಚಿಯಿಂದ ಅಂದಾಜು. 1881ರ ಆಸುಪಾಸಿನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನನ ದರ ಸಾವಿರಕ್ಕೆ ಸುಮಾರು 34. ಐದು ವರ್ಷದಲ್ಲಿ ಒಂದು ಹೆಸರಿನ 45 ಜನನ ಸಿಕ್ಕವು ಎನ್ನಿ. ವರ್ಷಕ್ಕೆ 9 ಆಯಿತು, 34ರಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಹೆಸರಿನವರು ಸುಮಾರು 265. ಆಗಿನ ಒಟ್ಟು ಜನಸಂಖ್ಯೆ ಸುಮಾರು 2 ಕೋಟಿ 60 ಲಕ್ಷ, ಹಾಗಾಗಿ ದಶಲಕ್ಷಕ್ಕೆ ಹತ್ತು ಮಂದಿ. ಒಂದೇ ವರ್ಷದ ಅಂಕಿಯನ್ನು ಮಾತ್ರ ನಂಬಬಾರದು. 9 ಎಂಬ ಸಣ್ಣ ಸಂಖ್ಯೆ ಬರೀ ಆಕಸ್ಮಿಕದಿಂದಲೇ ಮೂರು ಹೆಚ್ಚುಕಡಿಮೆಯಾಗುತ್ತದೆ, ಆಗ ಅಂದಾಜಿನಲ್ಲಿ ಮೂರನೇ ಒಂದು ಪಾಲು ತಪ್ಪು ಬರುತ್ತದೆ. ಐದು ವರ್ಷ ಕೂಡಿಸಿದರೆ ಅದು ಶೇ. 15ಕ್ಕೆ ಇಳಿಯುತ್ತದೆ. ಇನ್ನೂ ಎರಡು ಎಚ್ಚರಿಕೆ: ನಾಗರಿಕ ನೋಂದಣಿ ಶುರುವಾದದ್ದು 1837ರ ಜುಲೈ 1ರಿಂದ. 1874ರ ಕಾಯ್ದೆ ಬಿಗಿ ಮಾಡುವವರೆಗೆ ನೋಂದಣಿ ತಪ್ಪಿದ ಕೂಸುಗಳು ಇವೆ. ಮತ್ತೆ, ಹೆರಿಗೆಯಾಗಿ 42 ದಿನದೊಳಗೆ ಬರೆಸಿದರೆ ಸಾಕಿತ್ತು, ಆದ್ದರಿಂದ ಡಿಸೆಂಬರಿನ ಮಗು ಮುಂದಿನ ವರ್ಷದ ಮಾರ್ಚ್ ತ್ರೈಮಾಸಿಕದಲ್ಲಿ ಕುಳಿತಿರುತ್ತದೆ.

ಸೂಚಿಗಳು ಎರಡಿವೆ, ಎರಡನ್ನೂ ನೋಡಲೇಬೇಕು. ಸ್ವಯಂಸೇವಕರು ಹಳೆಯ ಸೂಚಿಯಿಂದ ಟೈಪ್ ಮಾಡಿದ ಫ್ರೀಬಿಎಂಡಿ ಒಂದು. ಜನರಲ್ ರಿಜಿಸ್ಟರ್ ಆಫೀಸು ತನ್ನ ದಾಖಲೆಯಿಂದ ಹೊಸದಾಗಿ ಮಾಡಿದ ಸೂಚಿ ಇನ್ನೊಂದು. ಎರಡೂ ಬೇರೆ ಬೇರೆ ಕೈಗಳಲ್ಲಿ ತಯಾರಾದವು, ಹಾಗಾಗಿ ಒಂದರ ತಪ್ಪು ಇನ್ನೊಂದರಲ್ಲಿ ಇರುವುದು ಅಪರೂಪ. ಹೊಸ ಸೂಚಿಯಲ್ಲಿ 1837ರಿಂದಲೇ ತಾಯಿಯ ತವರಿನ ಅಡ್ಡಹೆಸರು ಇದೆ. ಹಳೆಯದರಲ್ಲಿ ಅದು ಬರುವುದು 1911ರ ಸೆಪ್ಟೆಂಬರ್ ತ್ರೈಮಾಸಿಕದಿಂದ. ಒಂದೇ ಊರಿನಲ್ಲಿ ಮೂವರು ಜಾನ್ ಮರ್ಗಟ್ರಾಯ್ಡ್ ಇದ್ದಾಗ ಅವರ ಮಕ್ಕಳನ್ನು ಬೇರ್ಪಡಿಸಿ ಕೊಡುವುದು ಈ ತಾಯಿಯ ತವರು ಹೆಸರೇ.

ಕಾಗುಣಿತದ ಕಷ್ಟಕ್ಕೆ ಬರೋಣ, ಏಕೆಂದರೆ ಕೆಲಸದ ಬಹುಪಾಲು ಸಮಯ ಹೋಗುವುದು ಇಲ್ಲೇ. ಹಳೆಯ ಬರವಣಿಗೆಯಲ್ಲಿ ಎಮ್, ಯು, ಎನ್, ಐ ಅಕ್ಷರಗಳೆಲ್ಲ ಒಂದೇ ತರದ ಗಿಡ್ಡ ಗೀಟುಗಳು. ಎಮ್‌ಗೆ ಮೂರು, ಯುಗೆ ಎರಡು, ಒಟ್ಟು ಐದು ಗೀಟು ಸಾಲಾಗಿ ನಿಂತಿರುತ್ತವೆ. ಎಲ್ಲಿ ಕತ್ತರಿಸಬೇಕು ಎನ್ನುವುದು ಓದುವವನಿಗೆ ಬಿಟ್ಟದ್ದು. ಹೆಸರಿನ ನಡುವಿನ ಆರ್ ಮತ್ತು ಓ ಕೂಡಿಕೊಂಡರೆ ಡಬ್ಲ್ಯು ಆಗಿ ಕಾಣುತ್ತದೆ. ದೊಡ್ಡ ಎಮ್ ಅಕ್ಷರವನ್ನು ಎಚ್ ಎಂದು ಓದಿದರೆ ಇಡೀ ಕುಟುಂಬ ಸೂಚಿಯ ಇನ್ನೊಂದು ತುದಿಗೆ ಹೋಗಿಬಿಡುತ್ತದೆ. ಇದರ ಮೇಲೆ ಗುಮಾಸ್ತರ ಕಿವಿಯೂ ಸೇರಿದೆ: ಮರ್ಗಟ್ರಾಯ್ಡ್, ಮೆರ್ಗಟ್ರಾಯ್ಡ್, ಮಾರ್ಗಟ್ರಾಯ್ಡ್, ಮರ್ಗಿಟ್ರಾಯ್ಡ್, ಮರ್ಗಟ್ರೋಡ್ ಎಲ್ಲವೂ ಒಂದೇ. ನಾನು ಹುಡುಕುವ ಸೂತ್ರ ಹೀಗೆ: ಎಮ್, ನಕ್ಷತ್ರ ಚಿಹ್ನೆ, ಆರ್‌ಜಿ, ನಕ್ಷತ್ರ, ಟಿಆರ್, ನಕ್ಷತ್ರ, ಡಿ, ನಕ್ಷತ್ರ. ಇದರಲ್ಲಿ ಸ್ವರಗಳೆಲ್ಲ ಸಡಿಲ, ವ್ಯಂಜನಗಳು ಮಾತ್ರ ಗಟ್ಟಿ. ಎರಡನೇ ಸಲ ಮೊದಲ ಅಕ್ಷರವನ್ನೂ ಬಿಟ್ಟು ಹುಡುಕುತ್ತೇನೆ. ಅದೂ ಸೋತರೆ ಅಡ್ಡಹೆಸರನ್ನೇ ಬಿಟ್ಟು, ಹೆಂಡತಿ ಮಕ್ಕಳ ಹೆಸರು ಮತ್ತು ವಯಸ್ಸು ಕೊಟ್ಟು ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ.

ಹಿಂದಕ್ಕೆ ಹೋಗುವಾಗ 1851ರ ಗಣತಿಯನ್ನು ಗಟ್ಟಿ ಮೆಟ್ಟಿಲು ಮಾಡಿಕೊಳ್ಳಿ, 1841ರದ್ದನ್ನಲ್ಲ. 1841ರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಲು ಹೇಳಿದ್ದರು: 34 ಇದ್ದವನು 30 ಆಗಿಬಿಡುತ್ತಾನೆ. ಹುಟ್ಟಿದ ಸ್ಥಳಕ್ಕೆ ಇದೇ ಕೌಂಟಿಯೇ ಅಲ್ಲವೇ ಎಂಬುದಷ್ಟೇ ಉತ್ತರ. 1851ರ ಗಣತಿಯಲ್ಲಿ ಹುಟ್ಟಿದ ಪ್ಯಾರಿಷ್, ಅಂದರೆ ಯಾವ ಚರ್ಚಿನ ವ್ಯಾಪ್ತಿಯ ಪ್ರದೇಶ ಎಂಬುದು ಬರುತ್ತದೆ.

ಅಲ್ಲಿಂದ ಹಿಂದೆ ಚರ್ಚಿನ ರಿಜಿಸ್ಟರುಗಳು. ಇವನ್ನು ಇಡಬೇಕೆಂಬ ಆಜ್ಞೆಯಾದದ್ದು 1538ರಲ್ಲಿ, ಹ್ಯಾಲಿಫ್ಯಾಕ್ಸಿನ ರಿಜಿಸ್ಟರು ಆ ವರ್ಷದಿಂದಲೇ ಶುರುವಾಗುತ್ತದೆ. ಇಂಥ ಭಾಗ್ಯ ಎಲ್ಲ ಊರಿಗೂ ಇಲ್ಲ. ಆದರೆ ಹ್ಯಾಲಿಫ್ಯಾಕ್ಸ್ ಪ್ಯಾರಿಷ್ ಎಂದರೆ ಒಂದು ಊರಲ್ಲ, ಇಪ್ಪತ್ತಕ್ಕೂ ಹೆಚ್ಚು ಟೌನ್‌ಶಿಪ್‌ಗಳ ಗುಡ್ಡಗಾಡು, ಇಂಗ್ಲೆಂಡಿನ ಅತಿ ದೊಡ್ಡ ಪ್ಯಾರಿಷ್‌ಗಳಲ್ಲಿ ಒಂದು. ವಾರ್ಲಿಯವರು ದೀಕ್ಷಾಸ್ನಾನಕ್ಕೆ ಲಡೆಂಡೆನ್ ಚಾಪೆಲ್ಲಿಗೂ ಹೋಗಬಹುದು, ಹ್ಯಾಲಿಫ್ಯಾಕ್ಸಿನ ದೊಡ್ಡ ಚರ್ಚಿಗೂ ಹೋಗಬಹುದು. ಒಂದೇ ಮನೆಯ ಮಕ್ಕಳು ಎರಡು ಕಡೆ ಸಿಗುತ್ತಾರೆ, ಒಂದನ್ನು ಮಾತ್ರ ನೋಡಿ ವಂಶ ನಿಂತಿತು ಎಂದು ಬರೆದರೆ ತಪ್ಪಾಗುತ್ತದೆ. 1640ರಿಂದ 1660ರವರೆಗೆ, ಅಂತರ್ಯುದ್ಧದ ಕಾಲದಲ್ಲಿ, ಅನೇಕ ರಿಜಿಸ್ಟರುಗಳಲ್ಲಿ ಹಾಳೆಗಳೇ ಇಲ್ಲ. ಅದನ್ನು ಉಯಿಲುಗಳಿಂದ ತುಂಬಿಕೊಳ್ಳಬೇಕು. 1752ಕ್ಕೆ ಮುಂಚೆ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ ಎಂಬುದನ್ನೂ ನೆನಪಿಡಿ. 1645ರ ಏಪ್ರಿಲ್‌ನಲ್ಲಿ ಮದುವೆ, 1645ರ ಫೆಬ್ರವರಿಯಲ್ಲಿ ಮಗು ಎಂದು ಕಂಡರೆ ಯಾರ ನಡತೆಯನ್ನೂ ಶಂಕಿಸಬೇಕಿಲ್ಲ. ಆ ಫೆಬ್ರವರಿ ಬಂದದ್ದು ಏಪ್ರಿಲ್ ಆದ ಮೇಲೆ, ಹತ್ತು ತಿಂಗಳಿಗೆ.

ಗಿರಣಿಗಳು ಬಂದು ಜನ ಚೆದುರುವ ಮುಂಚಿನ ನಕ್ಷೆ ಬೇಕಾದರೆ ಒಲೆ ತೆರಿಗೆಯ ಪಟ್ಟಿ ನೋಡಬೇಕು. ವೆಸ್ಟ್ ರೈಡಿಂಗಿಗೆ 1672ರ ಪಟ್ಟಿ ಅಚ್ಚಾಗಿದೆ. ಮನೆಯಲ್ಲಿ ಎಷ್ಟು ಒಲೆ ಎಂಬ ಸಂಖ್ಯೆಯಿಂದ ಸ್ಥಿತಿಗತಿಯೂ ತಿಳಿಯುತ್ತದೆ. ಈ ಹೆಸರಿನವರಲ್ಲಿ ಉಣ್ಣೆ ಬಟ್ಟೆಯ ವ್ಯಾಪಾರದಿಂದ ಮೇಲೆ ಬಂದವರಿದ್ದರು. ಜೇಮ್ಸ್ ಮರ್ಗಟ್ರಾಯ್ಡ್ ಎಂಬ ಹ್ಯಾಲಿಫ್ಯಾಕ್ಸ್ ಕಡೆಯ ಬಟ್ಟೆ ವ್ಯಾಪಾರಿ ಕೀಥ್ಲಿ ಬಳಿಯ ಈಸ್ಟ್ ರಿಡಲ್ಸ್‌ಡನ್ ಹಾಲ್ ಕೊಂಡು 1640ರ ದಶಕದಲ್ಲಿ ಮತ್ತೆ ಕಟ್ಟಿಸಿದ. 1934ರಿಂದ ಅದು ನ್ಯಾಷನಲ್ ಟ್ರಸ್ಟ್ ಕೈಯಲ್ಲಿದೆ. ಹೆಸರು ಹ್ಯಾಲಿಫ್ಯಾಕ್ಸಿನಿಂದ ಕೀಥ್ಲಿ ಕಡೆಗೆ ಚಾಚಿದ ದಿಕ್ಕಿಗೆ ಇದು ಕಣ್ಣಿಗೆ ಕಾಣುವ ಸಾಕ್ಷಿ.

ಇನ್ನು ಬುಡ. ವಾರ್ಲಿ ಸೇರಿದ್ದು ವೇಕ್‌ಫೀಲ್ಡ್ ಮ್ಯಾನರಿಗೆ, ಅಂದರೆ ಒಬ್ಬ ಜಮೀನ್ದಾರನ ಆಡಳಿತದ ಸೀಮೆಗೆ. ಅದರ ನ್ಯಾಯಸಭೆಯ ಸುರುಳಿಗಳು 1274ರಿಂದ 1925ರವರೆಗೆ ಬಹುತೇಕ ಎಡೆಬಿಡದೆ ಉಳಿದಿವೆ, ಈಗ ಲೀಡ್ಸ್ ವಿಶ್ವವಿದ್ಯಾಲಯದಲ್ಲಿವೆ. 1733ರವರೆಗೆ ಭಾಷೆ ಹೆಚ್ಚುಕಡಿಮೆ ಲ್ಯಾಟಿನ್. 1371ರಲ್ಲಿ ವಾರ್ಲಿಯ ಕಾನ್‌ಸ್ಟೇಬಲ್ ಆಗಿದ್ದವನ ಹೆಸರು ಯೊಹಾನ್ನೆಸ್ ದೆ ಮಾರ್ಗಟೆರಾಯ್ಡ್. 1379ರ ತಲೆಗಂದಾಯದ ಪಟ್ಟಿಯಲ್ಲಿ ಸಿಗುವುದು ಯೊಹಾನ್ನೆಸ್ ಮೆರ್ಗ್ರೆಟ್‌ರೋಡ್. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎಂಟು ವರ್ಷದಲ್ಲಿ ‘ದೆ’ ಬಿದ್ದುಹೋಗಿದೆ. ‘ದೆ’ ಎಂದರೆ ‘ಇಂಥ ಕಡೆಯ’. ಅದು ಇರುವವರೆಗೆ ಅದು ವಿಳಾಸವೂ ಆಗಿರಬಹುದು, ಬಿಟ್ಟುಹೋದ ಮೇಲೆ ಅಡ್ಡಹೆಸರಿನ ಕಡೆಗೆ ವಾಲಿದೆ. ಆ ವರ್ಷದ ತೆರಿಗೆಯಲ್ಲಿ ಸಾಮಾನ್ಯ ದಂಪತಿಗೆ ಕೂಡಿ 4 ಪೆನ್ಸ್, ಹದಿನಾರು ದಾಟಿದ ಒಂಟಿ ವ್ಯಕ್ತಿಗೂ 4 ಪೆನ್ಸ್. ಮಕ್ಕಳು, ಭಿಕ್ಷುಕರು, ತಪ್ಪಿಸಿಕೊಂಡವರು ಪಟ್ಟಿಯಲ್ಲಿಲ್ಲ. ಅದಕ್ಕೇ ಅಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಆ ಮನೆತನವೇ ಇರಲಿಲ್ಲ ಎನ್ನಲಾಗದು.

ಅರ್ಥಕ್ಕೆ ಈಗ ಬರಬಹುದು. ಕೊನೆಯ ‘ರಾಯ್ಡ್’ ಬಗ್ಗೆ ತಕರಾರಿಲ್ಲ: ಕಾಡು ಕಡಿದು ಹಸನು ಮಾಡಿದ ನೆಲ. ಹಳೆಯ ಇಂಗ್ಲಿಷಿನ ‘ರೋಡ್’ ಎಂಬ ಮಾತು ಇಲ್ಲಿಯ ಆಡುನುಡಿಯಲ್ಲಿ ‘ರಾಯ್ಡ್’ ಆಗಿದೆ, ಕಲ್ಲಿದ್ದಲಿಗೆ ‘ಕೋಲ್’ ಬದಲು ‘ಕಾಯ್ಲ್’ ಅನ್ನುವ ಜನ ಅವರು. ಆಕ್ರಾಯ್ಡ್ ಎಂದರೆ ಓಕ್ ಮರಗಳ ಹಸನು ನೆಲ, ಹೋಲ್‌ರಾಯ್ಡ್ ಎಂದರೆ ತಗ್ಗಿನಲ್ಲಿರುವುದು. ಮೈಥಮ್‌ರಾಯ್ಡ್ ಎಂಬ ಊರು ಇವತ್ತಿಗೂ ವಾರ್ಲಿಯ ಹತ್ತಿರವೇ ಇದೆ. ತಕರಾರು ಇರುವುದು ಮೊದಲ ಭಾಗದಲ್ಲಿ. ‘ಮೂರ್ ಗೇಟ್’ ಎಂದು ಬಿಡಿಸುವುದು ಹಳೆಯ ವಾಡಿಕೆ. ಇಲ್ಲಿ ಗೇಟ್ ಎಂದರೆ ಬಾಗಿಲಲ್ಲ, ಸ್ಕ್ಯಾಂಡಿನೇವಿಯಾದವರ ಹಳೆಯ ನಾರ್ಸ್ ಭಾಷೆಯ ‘ಗಾಟಾ’, ದಾರಿ. ಲೀಡ್ಸಿನ ಬ್ರಿಗೇಟ್, ಕಿರ್ಕ್‌ಗೇಟ್ ಬೀದಿಗಳಲ್ಲಿರುವುದೂ ಅದೇ. ಹಾಗೆ ಬಿಡಿಸಿದರೆ ಬೋಳುಗುಡ್ಡಕ್ಕೆ ಹೋಗುವ ದಾರಿಯ ಹಸನು ನೆಲ ಎಂದಾಗುತ್ತದೆ. ಆದರೆ 1379ರ ‘ಮೆರ್ಗ್ರೆಟ್’ ಬೇರೆ ಕಥೆ ಹೇಳುತ್ತದೆ: ಮಾರ್ಗರೆಟ್ ಎಂಬ ಹೆಂಗಸಿನ ನೆಲ. ನನಗೆ ಇದೇ ಸರಿ ಅನಿಸುತ್ತದೆ. ‘ಮಾರ್ಗರೆಟ್’ ಸವೆದು ‘ಮಾರ್ಗಟ್’ ಆಗುವುದು ಸಹಜ. ‘ಮೂರ್ ಗೇಟ್’ ಎಂಬಲ್ಲಿ ಇಲ್ಲದ ‘ರೆ’ ಒಂದು ಬಂದು ಸೇರಲು ಕಾರಣ ಬೇಕು. ನಿಘಂಟಿನಿಂದ ಶುರು ಮಾಡಿದ್ದರೆ ಗುಡ್ಡ ಹುಡುಕುತ್ತಾ ಹೋಗುತ್ತಿದ್ದೆ.

ಇನ್ನೊಂದು ಮಾತು. ಧಾರವಾಡದಲ್ಲೇ ಇರುವವರನ್ನು ಯಾರೂ ಧಾರವಾಡಕರ ಎನ್ನುವುದಿಲ್ಲ, ಊರು ಬಿಟ್ಟು ಹೋದ ಮೇಲೆ ಹೊಸ ಊರಿನವರು ಇಡುವ ಹೆಸರು ಅದು. ಇಂಗ್ಲೆಂಡಿನಲ್ಲೂ ದೊಡ್ಡ ಊರಿನ ಹೆಸರುಗಳು ಹೆಚ್ಚಾಗಿ ಹೀಗೇ ಹುಟ್ಟಿದವು. ಪೆನ್ನೈನ್ ಗುಡ್ಡಗಳಲ್ಲಿ ಮಾತ್ರ ಮನೆಗಳು ಒಂಟೊಂಟಿ, ಪ್ರತಿ ಹಿಡುವಳಿಗೂ ಒಂದು ಹೆಸರು. ಅಲ್ಲೇ ಉಳಿದವನಿಗೂ ಆ ಹೆಸರೇ ಅಂಟಿತು. ಆದ್ದರಿಂದ ಇಂಥ ಹೆಸರಿನ ಬೇರನ್ನು ದಟ್ಟಣೆಯ ನಡುಮಧ್ಯದಲ್ಲೇ ಹುಡುಕಬಹುದು.

ಹಾಗಾದರೆ ಅಪರೂಪವೇಕೆ? ಶುರುವಿನಲ್ಲಿ ಒಂದೇ ಮನೆ ಇದ್ದ ಹೆಸರು ಉಳಿಯುವುದೇ ಕಷ್ಟ. ಈ ಲೆಕ್ಕವನ್ನು ಫ್ರಾನ್ಸಿಸ್ ಗಾಲ್ಟನ್ ಮತ್ತು ಹೆನ್ರಿ ವಾಟ್ಸನ್ 1874ರಲ್ಲಿ ಮಂಡಿಸಿದರು. ಪ್ರತಿ ಗಂಡಸಿಗೂ ಸರಾಸರಿ ಒಬ್ಬ ಮಗ ಬೆಳೆದು ಸಂಸಾರ ಹೂಡುತ್ತಾನೆ, ಉಳಿದದ್ದು ಆಕಸ್ಮಿಕ ಎಂದಿಟ್ಟುಕೊಂಡು ನಾನು ಗುಣಿಸಿ ನೋಡಿದೆ. ನೂರು ಒಂಟಿಮನೆ ಹೆಸರುಗಳಲ್ಲಿ ಮೊದಲ ತಲೆಮಾರಿಗೇ 37 ಅಳಿಯುತ್ತವೆ, ಎರಡಕ್ಕೆ 53, ಐದಕ್ಕೆ 73, ಹತ್ತಕ್ಕೆ 84. ಪ್ಲೇಗು, ಬರ ಯಾವುದೂ ಬೇಕಿಲ್ಲ, ಬರೀ ಹೆಣ್ಣುಮಕ್ಕಳೇ ಹುಟ್ಟಿದರೂ ಹೆಸರು ಮುಗಿಯಿತು. ಮರ್ಗಟ್ರಾಯ್ಡ್ ಉಳಿದ ಹದಿನಾರರಲ್ಲಿ ಒಂದು. ಹೆಸರು ಅಪರೂಪವೆಂದರೆ ರಾಜವಂಶದ್ದು ಎಂದು ಹೇಳಿ ಲಾಂಛನ ಮಾರುವವರಿದ್ದಾರೆ. ಲಾಂಛನ ಕೊಡುತ್ತಿದ್ದದ್ದು ವ್ಯಕ್ತಿಗೆ ಮತ್ತು ಅವನ ಸಂತತಿಗೆ, ಅಡ್ಡಹೆಸರಿಗಲ್ಲ.

ಒಂದೇ ಊರಿನ ಹೆಸರಾದರೂ ಒಂದೇ ರಕ್ತ ಎನ್ನುವಂತಿಲ್ಲ. ಅದೇ ವೆಸ್ಟ್ ರೈಡಿಂಗಿನ ಸೈಕ್ಸ್ ಎಂಬ ಹೆಸರಿನ 48 ಗಂಡಸರ ವೈ ಕ್ರೋಮೋಸೋಮ್ (ತಂದೆಯಿಂದ ಮಗನಿಗೆ ಮಾತ್ರ ಇಳಿಯುವಂಥದ್ದು) ಪರೀಕ್ಷೆಯ ಫಲ 2000ದಲ್ಲಿ ಹೊರಬಂದಾಗ ಒಂದೇ ಮಾದರಿ ಕಂಡದ್ದು ಶೇ. 44ರಷ್ಟು ಮಂದಿಯಲ್ಲಿ. ದತ್ತು, ಮದುವೆಯಾಚೆಯ ಮಕ್ಕಳು, ಮಲತಂದೆಯ ಹೆಸರು ಎಲ್ಲ ಸೇರಿ ಉಳಿದವರನ್ನು ಮಾಡುತ್ತದೆ. ಕಾಗದ ಒಂದು ಹೇಳಿ, ಪರೀಕ್ಷೆ ಬೇರೆ ಹೇಳಿದರೆ ಎರಡನ್ನೂ ಬರೆದಿಡುತ್ತೇನೆ.

ಬೆಂಗಳೂರಿನ ದಂಡು ಪ್ರದೇಶದ ಹಳೆಯ ಸಮಾಧಿಗಳಲ್ಲಿ ಇಂಥ ಯಾರ್ಕ್‌ಶೈರ್ ಹೆಸರು ಕಂಡವರು ಇಲ್ಲಿಂದಲೇ ಕೆಲಸ ಶುರು ಮಾಡಬಹುದು. ಬೆಂಗಳೂರಿನ ಚರ್ಚುಗಳ ರಿಜಿಸ್ಟರಿನ ಪ್ರತಿಗಳು ಮದ್ರಾಸಿನ ಲೆಕ್ಕದಲ್ಲಿ ಹೋಗುತ್ತಿದ್ದವು, ಬ್ರಿಟಿಷ್ ಲೈಬ್ರರಿಯಲ್ಲಿ ಅವು ಎನ್/2 ಸರಣಿ. ಅಲ್ಲಿ ರೆಜಿಮೆಂಟ್ ಸಿಕ್ಕಿ, ಆತ ಬ್ರಿಟಿಷ್ ಸೈನ್ಯದಿಂದ ನಿವೃತ್ತಿ ವೇತನ ಪಡೆದವನಾಗಿದ್ದರೆ ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನ ಡಬ್ಲ್ಯುಒ 97 ಎಂಬ ದಾಖಲೆ ಸರಣಿಯಲ್ಲಿ ಹುಟ್ಟಿದ ಪ್ಯಾರಿಷ್ ಬರೆದಿರುತ್ತದೆ. ಸೇವೆಯಲ್ಲೇ ಸತ್ತವನಿಗೆ ಆ ಕಾಗದ ಇಲ್ಲ, 1870ರ ದಶಕದವರೆಗಿನ ಹಾಜರಿ ಪಟ್ಟಿಗಳಿರುವ ಡಬ್ಲ್ಯುಒ 12 ನೋಡಬೇಕು. ‘ಹ್ಯಾಲಿಫ್ಯಾಕ್ಸ್’ ಎಂದಷ್ಟೇ ಬರೆದಿದ್ದರೆ ಅದನ್ನು ಪೇಟೆ ಎಂದು ತಿಳಿಯದೆ, ದೊಡ್ಡ ಚರ್ಚಿನ ರಿಜಿಸ್ಟರಿನ ಜೊತೆಗೆ ಸುತ್ತಲಿನ ಚಾಪೆಲ್‌ಗಳ ರಿಜಿಸ್ಟರುಗಳನ್ನೂ ಒಂದೊಂದಾಗಿ ತೆಗೆದು ನೋಡಿ.