ತಂಗಾಳಿಗೆ ಮಿಡಿಯುವ ತಂತಿ: ಅಳೆದು, ಡ್ಯಾಂಪರ್ ಕೂರಿಸಿದ ನನ್ನ ಅನುಭವ

220 ಕಿಲೋವೋಲ್ಟ್ ಲೈನೊಂದರ ನಿರ್ವಹಣೆ ನನ್ನ ಪಾಲಿಗೆ ಬಂದಾಗ, ಗಾಳಿಯಿಂದ ಆಗುವ ಹಾನಿ ಎಂದರೆ ಬಿರುಗಾಳಿಗೆ ಮಗುಚಿದ ಟವರಿನ ಚಿತ್ರವೇ ನನ್ನ ಕಣ್ಣ ಮುಂದೆ ಬರುತ್ತಿತ್ತು. ಆ ಭಯಕ್ಕೆ ಕಾರಣವಿಲ್ಲದೆ ಇಲ್ಲ. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ವೇಗ ಎರಡು ಪಟ್ಟಾದರೆ ಹೊರೆ ನಾಲ್ಕು ಪಟ್ಟಾಗುತ್ತದೆ. ಆದರೆ ಟವರಿನ ವಿನ್ಯಾಸದಲ್ಲಿ ಆ ಹೊರೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ನಮ್ಮ ಟವರುಗಳು ಹಲವು ಬಿರುಗಾಳಿಗಳನ್ನು ಅಲುಗದೆ ತಾಳಿಕೊಂಡವು. ಪೆಟ್ಟು ಬಿದ್ದದ್ದು ತಂತಿಗೆ, ಅದೂ ಎಲೆ ಅಲುಗಿಸುವಷ್ಟೇ ಬಲದ ಗಾಳಿಯಿಂದ.

ವಿಶಾಲವಾದ ಜಲರಾಶಿಯನ್ನು ದಾಟುವ ಒಂದು ಸ್ಪ್ಯಾನಿನ, ಅಂದರೆ ಎರಡು ಟವರುಗಳ ನಡುವಿನ ತಂತಿಯ, ತುದಿಯಲ್ಲಿ ಇನ್ಸುಲೇಟರ್ ಬದಲಿಸಲೆಂದು, ಲೈನನ್ನು ಸ್ಥಗಿತಗೊಳಿಸಿ ಅರ್ತಿಂಗ್ ಮಾಡಿದ ಮೇಲೆ, ತಂತಿಯನ್ನು ಇನ್ಸುಲೇಟರಿಗೆ ತೂಗುಹಾಕಿ ಹಿಡಿಯುವ ಸಸ್ಪೆನ್ಷನ್ ಕ್ಲ್ಯಾಂಪನ್ನು ಬಿಚ್ಚಿದೆವು. ಕ್ಲ್ಯಾಂಪಿನ ಬಾಯಿಯಲ್ಲಿ ಮಸಿಯಂಥ ನುಣ್ಣನೆಯ ಪುಡಿ ಬೆರಳಿಗೆ ಅಂಟಿತು. ಅದು ತಂತಿಯನ್ನು ಹೊಸೆದ ಎಳೆಗಳು ಒಂದಕ್ಕೊಂದು ತಿಕ್ಕಿ ಉದುರಿದ ಅಲ್ಯೂಮಿನಿಯಂ ಆಕ್ಸೈಡು. ಹೊರ ಪದರದಲ್ಲಿ ಒಂದು ಎಳೆಯೂ ತುಂಡಾಗಿರಲಿಲ್ಲ. ತಂತಿಯ ಹೊಸೆತವನ್ನು ಕೊಂಚ ಸಡಿಲಿಸಿ ಟಾರ್ಚ್ ಹಿಡಿದು ನೋಡಿದಾಗ, ಒಳ ಪದರದ ಎರಡು ಎಳೆಗಳು ಚಾಕುವಿನಿಂದ ಕತ್ತರಿಸಿದಂತೆ ಚಪ್ಪಟೆಯಾಗಿ ಮುರಿದಿದ್ದವು. ಜಗ್ಗಿ ಹರಿದ ಎಳೆಯ ತುದಿ ಸಪೂರವಾಗಿರುತ್ತದೆ, ಇವು ಹಾಗಿರಲಿಲ್ಲ. ಇದು ಮತ್ತೆ ಮತ್ತೆ ಬಾಗಿ ದಣಿದ ಲೋಹದ ಮುರಿತ. ದುರ್ಬೀನು ಹಿಡಿದು ನೆಲದಿಂದ ವರ್ಷಗಟ್ಟಲೆ ನೋಡಿದ್ದರೂ ಇದು ಕಾಣುತ್ತಿರಲಿಲ್ಲ.

ಗಾಳಿ ದುಂಡಗಿನ ತಂತಿಯನ್ನು ಹಾದುಹೋಗುವಾಗ ತಂತಿಯ ಹಿಂಬದಿಯಲ್ಲಿ ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಸುಳಿಗಳು ಕಳಚಿಕೊಳ್ಳುತ್ತವೆ. ಆ ಲಯಕ್ಕೆ ತಕ್ಕಂತೆ ತಂತಿ ಮೇಲೆ ಕೆಳಗೆ ಮಿಡಿಯುತ್ತದೆ. ಗಾಳಿಯ ವೇಗವನ್ನು ತಂತಿಯ ವ್ಯಾಸದಿಂದ ಭಾಗಿಸಿ ಸುಮಾರು 0.185ರಿಂದ ಗುಣಿಸಿದರೆ ಆವರ್ತಾಂಕ, ಅಂದರೆ ಸೆಕೆಂಡಿಗೆ ಎಷ್ಟು ಮಿಡಿತ (ಹರ್ಟ್ಸ್) ಎಂಬುದು, ದೊರೆಯುತ್ತದೆ. ನಮ್ಮದು 'ಮೂಸ್' ತಂತಿ, ಅಂದರೆ 54 ಅಲ್ಯೂಮಿನಿಯಂ ಎಳೆಗಳು, 7 ಉಕ್ಕಿನ ಎಳೆಗಳು, 31.77 ಮಿ.ಮೀ. ವ್ಯಾಸ. ಸೆಕೆಂಡಿಗೆ 3 ಮೀಟರ್ ವೇಗದ ಗಾಳಿಗೆ ಅದು 17 ಹರ್ಟ್ಸ್‌ನ ಆಸುಪಾಸಿನಲ್ಲಿ ಮಿಡಿಯುತ್ತದೆ. ಸೆಕೆಂಡಿಗೆ 20 ಸಲ ಎಂದು ಹಿಡಿದರೂ ಒಂದೇ ದಿನಕ್ಕೆ 17 ಲಕ್ಷಕ್ಕೂ ಹೆಚ್ಚು ಬಾಗುವಿಕೆಗಳಾದವು. ಸಾಮಾನ್ಯವಾಗಿ ಸೆಕೆಂಡಿಗೆ 1ರಿಂದ 7 ಮೀಟರ್ ವೇಗದ, ಒಂದೇ ಸಮನೆ ಬೀಸುವ ಗಾಳಿಯೇ ಇದಕ್ಕೆ ಬೇಕು. ಅದಕ್ಕಿಂತ ಜೋರಾದ ಗಾಳಿ ಗಡಿಬಿಡಿಯದು, ಅದರಲ್ಲಿ ಸುಳಿಗಳ ಲಯ ಕೂಡಿಬರುವುದಿಲ್ಲ. ತಡೆಯಿಲ್ಲದ ನೀರಿನ ಮೇಲೆ ಗಾಳಿ ಹೀಗೆ ನಯವಾಗಿ ಹರಿಯುವುದರಿಂದಲೇ ಆ ಸ್ಪ್ಯಾನು ಮೊದಲು ಸೋತದ್ದು.

ಊಹೆಯ ಮೇಲೆ ಕೆಲಸ ಮಾಡಲು ಮನಸ್ಸಾಗದೆ, ಪಕ್ಕದ ಟವರಿನ ಕ್ಲ್ಯಾಂಪಿಗೆ ಕಂಪನ ದಾಖಲಿಸುವ ಸಾಧನವನ್ನು ಕಟ್ಟಿಸಿದೆ. ತಂತಿ ಕ್ಲ್ಯಾಂಪನ್ನು ಕೊನೆಯದಾಗಿ ಮುಟ್ಟುವ ಬಿಂದುವಿನಿಂದ 89 ಮಿ.ಮೀ. ದೂರದಲ್ಲಿ ತಂತಿ ಎಷ್ಟು ಬಾಗುತ್ತದೆ ಎಂಬುದನ್ನು ಅದು ಅಳೆಯುತ್ತದೆ. ಬಿಗಿತವು ಮುರಿಯುವ ಬಲದ 22 ಶೇಕಡಾ ಇದ್ದ ನಮ್ಮ ತಂತಿಗೆ ನಾನು ಹಾಕಿದ ಲೆಕ್ಕದಲ್ಲಿ, ಆ ಬಾಗುವಿಕೆ ಮಿಡಿತದ ಮೇಲ್ತುದಿಯಿಂದ ಕೆಳತುದಿಗೆ 0.27 ಮಿ.ಮೀ. ದಾಟಿದರೆ ಆಯಾಸದ ಮಿತಿ ಮೀರಿದಂತೆ. ಅಷ್ಟು ಸಣ್ಣ ಅಂತರವನ್ನು ತೋರಿಸಿ ಲೈನ್ ಬಂದ್ ಮಾಡಲು ಒಪ್ಪಿಗೆ ಪಡೆಯುವುದು ಅಳತೆಗಿಂತ ಕಷ್ಟದ ಕೆಲಸವಾಯಿತು. ಸಾಧನ 0.4 ಮಿ.ಮೀ.ವರೆಗೆ ದಾಖಲಿಸಿದ್ದರಿಂದ ಮಾತಿಗೆ ತೂಕ ಬಂತು.

ಕಂಪನ ತಗ್ಗಿಸುವ ಡ್ಯಾಂಪರ್ ಇರಲಿಲ್ಲವೆಂದಲ್ಲ. 1920ರ ದಶಕದಲ್ಲಿ ಜಾರ್ಜ್ ಸ್ಟಾಕ್‌ಬ್ರಿಡ್ಜ್ ರೂಪಿಸಿದ ಮಾದರಿಯವೇ ಇದ್ದವು: ಗಿಡ್ಡ ಉಕ್ಕಿನ ಹುರಿಯ ಎರಡೂ ತುದಿಗೆ ತೂಕ, ನಡುವೆ ಕ್ಲ್ಯಾಂಪು. ತಂತಿ ಮಿಡಿದಾಗ ತೂಕಗಳು ತೂಗಾಡುತ್ತವೆ, ಹುರಿಯ ಎಳೆಗಳು ತಿಕ್ಕಿಕೊಂಡು ಕಂಪನದ ಶಕ್ತಿಯನ್ನು ಶಾಖವಾಗಿ ಕರಗಿಸುತ್ತವೆ. ತಪ್ಪಿದ್ದದ್ದು ಜಾಗದಲ್ಲಿ. ಮಿಡಿಯುವ ತಂತಿಯಲ್ಲಿ ಅಲುಗದ ಬಿಂದುಗಳು ಸಮಾನ ದೂರದಲ್ಲಿ ಬರುತ್ತವೆ. ಡ್ಯಾಂಪರ್ ಅಲ್ಲಿ ಕುಳಿತರೆ ಅದಕ್ಕೆ ಕೆಲಸವೇ ಇಲ್ಲ. ಸೆಕೆಂಡಿಗೆ 7 ಮೀಟರ್ ಗಾಳಿಗೆ ನಮ್ಮ ತಂತಿಯಲ್ಲಿ ಆ ದೂರ ಸುಮಾರು 1.6 ಮೀಟರ್. ಲೈನ್ ಎಳೆದವರು ಹಲವು ಡ್ಯಾಂಪರುಗಳನ್ನು ಕಣ್ಣಳತೆಯಲ್ಲಿ ಕ್ಲ್ಯಾಂಪಿನಿಂದ ಸರಿಯಾಗಿ ಅಷ್ಟೇ ದೂರಕ್ಕೆ ಬಿಗಿದಿದ್ದರು. ದಾಖಲೆ ತೆಗೆದು ನೋಡಿದರೆ, ತಂತಿ ಎಳೆದ ನಾಲ್ಕು ತಿಂಗಳವರೆಗೆ ಅದೂ ಇರಲಿಲ್ಲ. ಬಿರುಕು ಆಗಲೇ ಮೊಳೆತಿರಬೇಕೆಂಬುದು ನನ್ನ ಅಭಿಪ್ರಾಯ.

ಮುರಿದ ಜಾಗಕ್ಕೆ ರಿಪೇರಿ ಸ್ಲೀವ್ (ತಂತಿಯ ಮೇಲೆ ಬಿಗಿಯುವ ಲೋಹದ ತೋಳು) ಹಾಕಿ, ಆ ಭಾಗದ ಕ್ಲ್ಯಾಂಪುಗಳಲ್ಲೆಲ್ಲ ತಂತಿಗೆ ಆರ್ಮರ್ ರಾಡ್ (ತಂತಿಯನ್ನು ಕಾಯುವ ಸುರುಳಿ ಸರಳುಗಳು) ಸುತ್ತಿಸಿ, ಡ್ಯಾಂಪರುಗಳನ್ನು 1.25 ಮೀಟರಿಗೆ ಸರಿಸಿದೆವು. ಜಲರಾಶಿಯ ಉದ್ದನೆಯ ಸ್ಪ್ಯಾನಿಗೆ ಪ್ರತಿ ತುದಿಯಲ್ಲಿ ಎರಡೆರಡು. ಬೋಲ್ಟನ್ನು ಟಾರ್ಕ್ ರೆಂಚಿನಿಂದಲೇ ಬಿಗಿಸಬೇಕೆಂದು ಹಟ ಹಿಡಿದೆ. ಸಡಿಲ ಬಿಟ್ಟ ಡ್ಯಾಂಪರ್ ತಂತಿಯುದ್ದಕ್ಕೂ ಜಾರುತ್ತ ಅದನ್ನೇ ಉಜ್ಜಿ ಗಾಯ ಮಾಡುತ್ತದೆ.

ಟವರ್ ಅಲುಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಇಡೀ ಟವರಿನ ಸಹಜ ಆವರ್ತಾಂಕ ಕೆಲವೇ ಹರ್ಟ್ಸ್, ತಂತಿಯ ಮಿಡಿತ ಹತ್ತಾರು ಹರ್ಟ್ಸ್. ಹಾಗಾಗಿ ಟವರು ಅದಕ್ಕೆ ತೂಗುವುದಿಲ್ಲ. ಆದರೆ ಉದ್ದನೆಯ, ತೆಳುವಾದ ಬ್ರೇಸಿಂಗ್ ಪಟ್ಟಿಯ ಮೇಲೆ ಅಂಗೈ ಇಟ್ಟರೆ ಗುಂಯ್‌ಗುಡುವ ನಡುಕ ತಿಳಿಯುತ್ತದೆ. ಅಂಥ ಪಟ್ಟಿಗಳಲ್ಲಿ ನಟ್ಟು ಸಡಿಲಿದ್ದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಜೋರು ಗಾಳಿಗೆ ತಂತಿ ಪಕ್ಕಕ್ಕೆ ತೂಗುವುದು ಬೇರೆಯೇ ವಿಷಯ. ಜೋಲು, ಅಂದರೆ ತಂತಿ ನಡುವೆ ಇಳಿಬೀಳುವ ಆಳ, 12 ಮೀಟರ್ ಇದ್ದರೆ ಒಂದು ತೂಗಾಟಕ್ಕೆ ಆರು-ಏಳು ಸೆಕೆಂಡು ಬೇಕು, ಅಲ್ಲಿ ಚಿಂತೆ ಎಳೆಯ ಆಯಾಸದ್ದಲ್ಲ, ತಂತಿಗೂ ಟವರಿಗೂ ನಡುವಿನ ಅಂತರದ್ದು.

ಸರಿಸಿದ ಡ್ಯಾಂಪರುಗಳೊಂದಿಗೆ, ಆರ್ಮರ್ ರಾಡ್ ಸುತ್ತುವ ಮೊದಲು, ಅದೇ ಕ್ಲ್ಯಾಂಪಿನಲ್ಲಿ ಎರಡು ವಾರ ಮತ್ತೆ ಅಳೆದೆ. ಯಾವ ದಾಖಲೆಯೂ 0.1 ಮಿ.ಮೀ. ದಾಟಲಿಲ್ಲ. ಈಗ ಹೊಸ ತಂತಿ ಎಳೆದರೆ ಕ್ಲ್ಯಾಂಪ್ ಬಿಗಿದ ದಿನವೇ ಡ್ಯಾಂಪರ್ ಕೂರಬೇಕು, ಅದರ ದೂರವನ್ನು ಟೇಪು ಹಿಡಿದು ಅಳೆದು ಪುಸ್ತಕದಲ್ಲಿ ಬರೆಯಬೇಕು ಎಂದು ನಮ್ಮ ತಂಡಕ್ಕೆ ತಾಕೀತು ಮಾಡಿದ್ದೇನೆ.